ಒಂದು ದಿನದ ಉಚ್ಚೆ

ಮೂತ್ರ ಎಂದು ಬರೆದರೆ ಮರ್ಯಾದೆಯಾಗಿ ಕಾಣುತ್ತದೆ, ಗೊತ್ತು. ಆದರೆ ನಾನು ಪೀಣ್ಯದ ಗಾರ್ಮೆಂಟ್ಸ್ ಒಂದರಲ್ಲಿ ವರ್ಷಗಟ್ಟಲೆ ದುಡಿದವಳು. ಅಲ್ಲಿ ಆ ವಿಷಯಕ್ಕೆ ಮರ್ಯಾದೆ ಸಿಕ್ಕಿದ್ದನ್ನು ಒಂದು ದಿನವೂ ಕಾಣಲಿಲ್ಲ. ಹಾಗಾಗಿ ಉಚ್ಚೆ ಎಂದೇ ಬರೆಯುತ್ತೇನೆ. ಓದುವವರಿಗೆ ಮುಜುಗರವಾದರೆ ಆಗಲಿ, ನಾವು ಪಟ್ಟ ಮುಜುಗರದ ಮುಂದೆ ಅದೇನು ಮಹಾ.

ನನ್ನದು ಚೆಕ್ಕಿಂಗ್ ಕೆಲಸ. ಹೊಲಿದು ಬಂದ ಅಂಗಿಯನ್ನು ಟ್ಯೂಬ್‌ಲೈಟಿನ ಕೆಳಗೆ ಹರಡಿ, ಹೊಲಿಗೆ ಬಿಟ್ಟಿದೆಯೇ, ತೋಳಿಗೂ ಮೈಗೂ ಬಣ್ಣ ಹೊಂದುತ್ತದೆಯೇ, ಎಲ್ಲಾದರೂ ಎಣ್ಣೆ ಕಲೆ ಕೂತಿದೆಯೇ ಎಂದು ನೋಡಬೇಕು. ಗಂಟೆಗೆ ಇಷ್ಟು ಪೀಸ್ ಎಂದು ಬೋರ್ಡಿನ ಮೇಲೆ ಬರೆದಿರುತ್ತಿತ್ತು. ಟೇಬಲ್ಲಿನ ಹತ್ತಿರ ನೀರಿನ ಬಾಟಲಿ ಇಡುವ ಹಾಗಿಲ್ಲ, ಬಟ್ಟೆಯ ಮೇಲೆ ಚೆಲ್ಲೀತು ಎಂಬ ಭಯ. ಟಾಯ್ಲೆಟ್ಟಿಗೆ ಹೋಗಬೇಕೆಂದರೆ ಸೂಪರ್‌ವೈಸರನ ಮೇಜಿನ ಪಕ್ಕದ ಮೊಳೆಗೆ ನೇತುಹಾಕಿದ ಟೋಕನ್ ತೆಗೆದುಕೊಂಡು ಹೋಗಬೇಕು. ಇಡೀ ಲೈನಿಗೆ, ಅಂದರೆ ಒಂದು ಸಾಲಿನ ಅಷ್ಟೂ ಹೆಂಗಸರಿಗೆ, ಒಂದೇ ಟೋಕನ್. ಮೊಳೆ ಖಾಲಿಯಿದ್ದರೆ ಯಾರೋ ಹೋಗಿದ್ದಾರೆ, ಕಾಯಬೇಕು. ಟೋಕನ್ ಇದ್ದರೂ ಅದನ್ನು ಮುಟ್ಟಲು ಗುಂಡಿಗೆ ಬೇಕು. ನನಗಿಂತ ವಯಸ್ಸಿನಲ್ಲಿ ಚಿಕ್ಕವನಾದ ಸೂಪರ್‌ವೈಸರ್ ಇಡೀ ಲೈನಿಗೆ ಕೇಳುವ ಹಾಗೆ, "ಏನಮ್ಮಾ, ಮತ್ತೆ ಬಂತಾ?" ಎನ್ನುತ್ತಿದ್ದ. ಬರದೆ ಇನ್ನೇನು? ಅವನಿಗೆ ಬರುವುದಿಲ್ಲವೇ? ಅವನು ಹೋಗುವಾಗ ಯಾವ ಟೋಕನ್ನೂ ಬೇಕಿರಲಿಲ್ಲ.

ಹಾಗಾಗಿ ನಾವು ನೀರು ಕುಡಿಯುವುದನ್ನೇ ಬಿಟ್ಟೆವು. ಬೆಳಿಗ್ಗೆ ಒಂದು ಲೋಟ ಕಾಫಿ, ಮಧ್ಯಾಹ್ನ ಊಟದ ಜೊತೆ ಎರಡು ಗುಟುಕು, ಅಷ್ಟೇ. ಹೊಸದಾಗಿ ಸೇರಿದವರಿಗೆ ಹಳಬರು ಮೊದಲ ದಿನವೇ ಹೇಳಿಕೊಡುತ್ತಿದ್ದ ಪಾಠ ಇದು: "ನೀರು ಕಮ್ಮಿ ಕುಡೀರಿ, ಆರಾಮಾಗಿರ್ತೀರ." ನನಗೆ ಹೇಳಿಕೊಟ್ಟವಳು ಎದುರು ಟೇಬಲ್ಲಿನವಳು. ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ಚಿಕ್ಕವಳು, ಕೆಲಸದಲ್ಲಿ ಹಿರಿಯಳು. ಅವಳೂ ನಮ್ಮ ದಾಸರಹಳ್ಳಿಯವಳೇ, ಬೆಳಿಗ್ಗೆ ಒಂದೇ ಬಸ್ಸಿಗೆ ನೇತಾಡಿಕೊಂಡು ಹೋಗುತ್ತಿದ್ದೆವು. ಮಧ್ಯಾಹ್ನ ಮೂರರ ಹೊತ್ತಿಗೆ ಇಬ್ಬರಿಗೂ ತಲೆ ಸಿಡಿಯಲು ಶುರುವಾಗುತ್ತಿತ್ತು. ಫಸ್ಟ್ ಏಡ್ ರೂಮಿಗೆ ಹೋದರೆ ಏನು ಎತ್ತ ಎಂದು ಕೇಳದೆ ನೋವಿನ ಮಾತ್ರೆ ಕೊಡುತ್ತಿದ್ದರು. ಟೋಕನ್ ಒಂದೇ ಒಂದು, ಮಾತ್ರೆ ಮಾತ್ರ ಕೇಳಿದಷ್ಟು. ಅದನ್ನೂ ಒಣ ಗಂಟಲಲ್ಲೇ ನುಂಗಿ ಬಂದು ನಿಲ್ಲುತ್ತಿದ್ದೆವು.

ಒಮ್ಮೆ ವಿದೇಶಕ್ಕೆ ಹೋದ ಮಾಲು ವಾಪಸ್ ಬಂತು. ತೋಳಿನ ಬಣ್ಣವೇ ಬೇರೆ, ಮೈ ಬಣ್ಣವೇ ಬೇರೆಯಂತೆ. ಮ್ಯಾನೇಜರಿಗೆ ತಲೆ ಕೆಟ್ಟಿತು. ಬಟ್ಟೆಗೆ ಬಣ್ಣ ಹಾಕಿದವರನ್ನು ಕೇಳಲಿಲ್ಲ, ಎರಡು ದಿನದ ಕೆಲಸವನ್ನು ಒಂದೇ ದಿನಕ್ಕೆ ತುರುಕಿದವರನ್ನು ಕೇಳಲಿಲ್ಲ. ಚೆಕ್ಕಿಂಗ್ ಹೆಂಗಸರ ಕಣ್ಣು ಸರಿಯಿಲ್ಲ ಎಂದು ತೀರ್ಮಾನವಾಯಿತು. ನಾಲ್ಕು ಜನರನ್ನು ಕಂಪನಿಯ ವ್ಯಾನಿನಲ್ಲಿ ಕೂರಿಸಿ ಕಣ್ಣಿನ ಆಸ್ಪತ್ರೆಗೆ ಕಳಿಸಿದರು. ಎದುರು ಟೇಬಲ್ಲಿನವಳೂ ನಾನೂ ಅದರಲ್ಲಿದ್ದೆವು. ನಮ್ಮ ಜೊತೆ ಆಫೀಸಿನ ಒಬ್ಬ ಹುಡುಗನಂಥ ಅಧಿಕಾರಿ, ಕೊರಳಲ್ಲಿ ಐಡಿ ಕಾರ್ಡು, ಕೈಯಲ್ಲಿ ಎರಡು ಫೋನು.

ಏನು ಪರೀಕ್ಷೆ ಅಂತೀರಿ! ಅಕ್ಷರ ಓದಿಸಿದರು, ಬಣ್ಣದ ಚುಕ್ಕೆಗಳ ನಡುವೆ ಅಂಕಿ ಹುಡುಕಿಸಿದರು. ಎಲ್ಲ ಸರಿ ಬಂದರೂ ಅಧಿಕಾರಿಗೆ ಸಮಾಧಾನವಿಲ್ಲ, "ಫುಲ್ ಟೆಸ್ಟ್ ಮಾಡ್ಬಿಡಿ ಡಾಕ್ಟ್ರೇ" ಎಂದ. ಆಮೇಲೆ ನನ್ನ ಕೂದಲು ಸರಿಸಿ ತಲೆಯ ಹಿಂದೆ ಅಂಟು ಹಚ್ಚಿ ವೈರು ಸಿಕ್ಕಿಸಿದರು. ಒಂದು ಕಣ್ಣು ಮುಚ್ಚಿ, ಕತ್ತಲೆ ಕೋಣೆಯಲ್ಲಿ ಪರದೆಯ ಮುಂದೆ ಕೂರಿಸಿದರು. ಕಪ್ಪು ಬಿಳಿ ಚೌಕಗಳು, ಕಪ್ಪಿದ್ದದ್ದು ಬಿಳಿಯಾಗಿ ಬಿಳಿಯದು ಕಪ್ಪಾಗಿ ಟಕಟಕ ಬದಲಾಗುತ್ತಿದ್ದವು. ನಡುವಿನ ಕೆಂಪು ಚುಕ್ಕೆಯನ್ನೇ ನೋಡುತ್ತಿರಬೇಕು. ಕಣ್ಣಿಗೆ ಬಿದ್ದದ್ದು ಮಿದುಳಿಗೆ ಮುಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಮಿಷಿನ್ ಅಳೆಯುತ್ತದಂತೆ. ಸೆಕೆಂಡಿನ ಸಾವಿರ ಚೂರಿನ ಲೆಕ್ಕವಂತೆ. ನಾನು ಮಾತ್ರ ಕೆಂಪು ಚುಕ್ಕೆ ನೋಡುತ್ತಾ, ಬೆಳಿಗ್ಗೆಯಿಂದ ತಡೆದುಕೊಂಡದ್ದನ್ನು ಇನ್ನೆಷ್ಟು ಹೊತ್ತು ತಡೆಯಬೇಕೋ ಎಂದು ಯೋಚಿಸುತ್ತಿದ್ದೆ. ಅದನ್ನು ಅಳೆಯುವ ಮಿಷಿನ್ನಿಗೆ ದುಡ್ಡು ಕೊಡುವ ಕಂಪನಿ ಇನ್ನೂ ಹುಟ್ಟಿಲ್ಲ.

ನಾಲ್ವರ ಕಣ್ಣೂ ಚೆನ್ನಾಗಿದ್ದವು. ಕಣ್ಣಿನ ಡಾಕ್ಟರಮ್ಮ ನನ್ನ ರಿಪೋರ್ಟಿಗೆ ಸಹಿ ಹಾಕಿದವರು ತಲೆಯೆತ್ತಿ ನನ್ನ ಮುಖ ನೋಡಿದರು. ಕಣ್ಣಿನ ಕೆಳಗೆ ಬೆರಳಿನಿಂದ ಮೆಲ್ಲಗೆ ಒತ್ತಿ, "ಬೆಳಿಗ್ಗೆ ಎದ್ದಾಗ ಇನ್ನೂ ಜಾಸ್ತಿ ಊದಿರುತ್ತಾ?" ಎಂದರು. ಹೌದೆಂದೆ. ತಲೆನೋವು, ಮಾತ್ರೆ, ಉರಿ ಉಚ್ಚೆ ಎಲ್ಲ ಕೇಳಿದರು. ಬಿಪಿ ನೋಡಿ ತುಟಿ ಕಚ್ಚಿಕೊಂಡರು. "ಕಣ್ಣಿಗೇನೂ ಆಗಿಲ್ಲಮ್ಮ. ತಡ ಮಾಡದೆ ಕಿಡ್ನಿ ತೋರಿಸಿ" ಎಂದು ಒಂದು ಚೀಟಿ ಬರೆದುಕೊಟ್ಟರು. ವ್ಯಾನಿನಲ್ಲಿ ಅಧಿಕಾರಿ ಕಣ್ಣಿನ ರಿಪೋರ್ಟುಗಳನ್ನೆಲ್ಲ ಜೋಪಾನವಾಗಿ ಬ್ಯಾಗಿಗೆ ಹಾಕಿಕೊಂಡ. ಚೀಟಿಯನ್ನು ಓದಿ ನನಗೇ ವಾಪಸ್ ಕೊಟ್ಟ. "ಇದು ನಿಮ್ಮ ಪರ್ಸನಲ್ಲು" ಎಂದ.

ಆ ಮಾತು ಇವತ್ತಿಗೂ ನನ್ನ ಮೈ ಉರಿಸುತ್ತದೆ. ನನ್ನ ಕಣ್ಣು ಕಂಪನಿಯದು, ಕಿಡ್ನಿ ಮಾತ್ರ ನನ್ನ ಪರ್ಸನಲ್ಲು! ಕಿಡ್ನಿಯನ್ನು ಮನೆಯಲ್ಲಿ ಬಿಟ್ಟು ಬರೀ ಎರಡು ಕಣ್ಣು ಬಸ್ಸು ಹತ್ತಿ ಬರುತ್ತಿದ್ದವೇ?

ಕಿಡ್ನಿ ಡಾಕ್ಟರು ವಯಸ್ಸಾದವರು, ಮಾತು ಕಡಿಮೆ. ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಜಾಸ್ತಿಯಿದೆ ಎಂದರು. ಮೈಯೊಳಗಿನ ಕಸ ಅದು, ಕಿಡ್ನಿ ಅದನ್ನು ಹೊರಗೆ ಹಾಕಬೇಕು. ಎಷ್ಟು ಹಾಕುತ್ತಿದೆ ಎಂದು ತಿಳಿಯಲು ಒಂದು ಇಡೀ ದಿನದ ಉಚ್ಚೆಯನ್ನು ಕ್ಯಾನಿನಲ್ಲಿ ಹಿಡಿದು ಲ್ಯಾಬಿಗೆ ಕೊಡಬೇಕು. "ಒಂದು ಹನಿನೂ ಬಿಡಬಾರ್ದು. ತಣ್ಣಗಿಡಬೇಕು. ಟೆಸ್ಟು ಅಂತ ಹೊಸದೇನೂ ಮಾಡಬೇಡಿ, ಮಾಮೂಲಿ ದಿನ ಹೆಂಗಿರ್ತೀರೋ ಹಂಗೇ ಇರಿ" ಎಂದರು. ನನ್ನ ಮಾಮೂಲಿ ದಿನವೆಂದರೆ ಫ್ಯಾಕ್ಟರಿಯ ದಿನ. ಶನಿವಾರ ಹಿಡಿದು ಭಾನುವಾರ ಬೆಳಿಗ್ಗೆ ಕೊಡುವುದೆಂದು ನಿಶ್ಚಯಿಸಿದೆ.

ಲ್ಯಾಬಿನವರು ಕೊಟ್ಟ ಕ್ಯಾನು ಐದು ಲೀಟರಿನದು, ಅಡುಗೆ ಎಣ್ಣೆಯ ಕ್ಯಾನಿನ ಹಾಗೆ. ಅದನ್ನು ಫ್ರಿಜ್ಜಿನಲ್ಲಿಡುತ್ತೇನೆ ಎಂದಾಗ ಅತ್ತೆ ಬಾಗಿಲಿಗೆ ಅಡ್ಡ ನಿಂತರು. ದಾಸರಹಳ್ಳಿ ನಿಜವಾಗಿ ಹಳ್ಳಿಯಾಗಿದ್ದಾಗ ಅಲ್ಲಿ ರಾಗಿ ಬೆಳೆದವರು ಅವರು. "ಆಲು ಮೊಸ್ರು ಮಡಗೋ ಜಾಗದಾಗೆ ಉಚ್ಚೆ ಮಡಗ್ತೀಯೇನೇ?" ಎಂದು ಕೂಗಾಡಿದರು. ಆಮೇಲೆ ಅವರೇ ಮೀನಿನಂಗಡಿಯಿಂದ ಐಸು ತಂದು ಬಚ್ಚಲುಮನೆಯ ಬಕೆಟ್ಟಿಗೆ ಸುರಿದು, "ಇದ್ರಾಗೆ ಮಡಗು. ನಾವು ಒಲದಾಗಿದ್ದಾಗ ಮರದ ಇಂದೆ ಓಗಿ ಬತ್ತಿದ್ವಿ, ಯಾರ್ನ ಕೇಳ್ತಿದ್ವಿ? ನಿಮ್ದೇನು ಕರ್ಮವೋ" ಎಂದರು. ಅತ್ತೆಯ ಜೊತೆ ನನಗೆ ನೂರು ಜಗಳ, ಆದರೆ ಆ ಮಾತಿಗೆ ಎದುರಾಡಲಿಲ್ಲ.

ಶನಿವಾರ ಬೆಳಿಗ್ಗೆ ಫ್ಯಾಕ್ಟರಿಯ ಗೇಟಿನಲ್ಲಿ ಸೆಕ್ಯುರಿಟಿಯವನು ಬ್ಯಾಗ್ ತೆಗೆಸಿದ. ಕ್ಯಾನು ಎತ್ತಿ ಹಿಡಿದು, "ಏನಕ್ಕಾ ಇದು, ಮಿಷಿನ್ ಎಣ್ಣೆ ಕದ್ದು ತಗೊಂಡು ಹೋಗೋಕಾ?" ಎಂದು ನಕ್ಕ. "ಕಿಡ್ನಿ ಟೆಸ್ಟಿಗೆ ಉಚ್ಚೆ ಹಿಡಿಯೋಕೆ ಕಣಪ್ಪ" ಎಂದೆ. ಕೆಂಡ ಮುಟ್ಟಿದವನ ಹಾಗೆ ಕೈ ಬಿಟ್ಟ. ಟಾಯ್ಲೆಟ್ ತೊಳೆಯುವ ಆಯಾ ಮೂಲೆಯಲ್ಲಿ ಅದನ್ನು ಐಸಿನ ಚೀಲದ ಮೇಲಿಟ್ಟು ಸಂಜೆಯವರೆಗೂ ಕಾಯ್ದಳು. ಆ ದಿನವೂ ಟೋಕನ್ ಸಿಕ್ಕಿದ್ದು ಊಟಕ್ಕೆ ಮುಂಚೆ ಒಮ್ಮೆ, ಸಂಜೆ ಬಿಡುವಾಗ ಒಮ್ಮೆ. ಮಾಮೂಲಿ ದಿನವೇ.

ಭಾನುವಾರ ಲ್ಯಾಬಿನ ಕೌಂಟರಿನವನು ಕ್ಯಾನನ್ನು ಎತ್ತಿ ಬೆಳಕಿಗೆ ಹಿಡಿದ. ತಳದಲ್ಲಿ ಗಟ್ಟಿ ಡಿಕಾಕ್ಷನ್ ಬಣ್ಣದ ಒಂದಿಷ್ಟು. ಅಲ್ಲಾಡಿಸಿ ನೋಡಿದ.

"ಇಷ್ಟೇನಾ? ಮೇಡಂ, ನೀವು ಎಲ್ಲ ಹಿಡಿದಿಲ್ಲ."

"ಎಲ್ಲಾನೂ ಹಿಡಿದಿದೀನಿ."

"ಚಾನ್ಸೇ ಇಲ್ಲ. ಯಾರಿಗೂ ಇಷ್ಟು ಕಮ್ಮಿ ಆಗಲ್ಲ. ಡ್ಯೂಟಿಲಿ ಮರ್ತು ಹೋಗಿ ಬಂದಿರ್ತೀರ, ನೆನಪು ಮಾಡ್ಕೊಳ್ಳಿ."

ಖಾಲಿ ಹೊಟ್ಟೆಯಲ್ಲಿ ಶುಗರ್ ಟೆಸ್ಟಿಗೆ ಕೂತಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ನನಗೆ ಎಲ್ಲಿತ್ತೋ ಸಿಟ್ಟು. "ಮರ್ತು ಹೋಗಿ ಬರೋಕೆ ಅದೇನು ನಮ್ಮನೇನಾ? ಎರಡೇ ಸಲ ಬಿಟ್ಟಿದ್ದು, ಎರಡು ಸಲದ್ದೂ ಇದರಲ್ಲೇ ಇದೆ! ರಾತ್ರಿದೂ ಇದೆ! ಕುಡಿದಿದ್ರೆ ತಾನೇ ಬರೋದು?" ಎಂದು ಕಿರುಚಿದೆ. ಅವನು ಕ್ಯಾನು ಒಳಗೆ ಕಳಿಸಿದ. ರಿಪೋರ್ಟಿನಲ್ಲಿ ಮಾತ್ರ 'ಪೂರ್ತಿ ಸಂಗ್ರಹಿಸಿಲ್ಲ, ಮತ್ತೆ ಮಾಡಿಸಿ' ಎಂದು ಹಾಕಿಯೇ ಕೊಟ್ಟರು. ನಾನು ಸುಳ್ಳಿ ಎಂದು ಪ್ರಿಂಟ್ ಮಾಡಿ ಕೊಟ್ಟ ಹಾಗಾಯಿತು.

ಅದನ್ನು ಹಿಡಿದುಕೊಂಡು ಡಾಕ್ಟರ ಮುಂದೆ ಕೂತೆ. ಅವರು ಆ ಸಾಲನ್ನು ಓದಿ, ಕೆಳಗಿನ ಅಂಕಿಗಳನ್ನು ಓದಿ, ನನ್ನ ತೂಕ ಕೇಳಿ, ಕ್ಯಾಲ್ಕುಲೇಟರ್ ಒತ್ತಿದರು. ಒಬ್ಬ ಮನುಷ್ಯನ ಮೈ ದಿನಕ್ಕೆ ಎಷ್ಟು ಕ್ರಿಯಾಟಿನಿನ್ ಹೊರಗೆ ಹಾಕುತ್ತದೆ ಎನ್ನುವುದು ಅವನ ಮೈಯಲ್ಲಿರುವ ಮಾಂಸಖಂಡದ ಮೇಲೆ ಹೋಗುತ್ತದಂತೆ. ನೀರು ಜಾಸ್ತಿ ಕುಡಿದರೆ ಅದು ತೆಳುವಾಗಿ ಬರುತ್ತದೆ, ಕಮ್ಮಿ ಕುಡಿದರೆ ಗಟ್ಟಿಯಾಗಿ ಬರುತ್ತದೆ, ಒಟ್ಟು ಹೆಚ್ಚುಕಮ್ಮಿ ಅಷ್ಟೇ. "ನಿಮ್ಮ ಮೈಗೆ ಎಷ್ಟು ಬರಬೇಕೋ ಅಷ್ಟೂ ಇದರಲ್ಲಿ ಬಂದಿದೆ. ನೀವು ಒಂದು ಹನಿನೂ ಬಿಟ್ಟಿಲ್ಲಮ್ಮ" ಎಂದರು. ನಾನು ಅತ್ತುಬಿಟ್ಟೆ. ರೋಗಕ್ಕೆ ಅಳಲಿಲ್ಲ, ಒಬ್ಬರಾದರೂ ನಂಬಿದರಲ್ಲ ಎಂದು ಅತ್ತೆ.

ಅಳು ನಿಂತ ಮೇಲೆ ಉಳಿದದ್ದನ್ನು ಹೇಳಿದರು. ಎರಡೂ ಕಿಡ್ನಿ ಸೇರಿ ಮಾಡುವುದು ಈಗ ಅರ್ಧದಷ್ಟು ಕೆಲಸ. ನೀರಿಲ್ಲದೆ ಒಣಗಿಸಿದ್ದು, ಪದೇ ಪದೇ ಬಂದ ಉರಿ ಉಚ್ಚೆ, ಅದರ ಮೇಲೆ ಆ ನೋವಿನ ಮಾತ್ರೆಗಳು, ಎಲ್ಲ ಸೇರಿ ಹಾಳು ಮಾಡಿವೆ. "ಹೋದದ್ದು ಬಹುಶಃ ವಾಪಸ್ ಬರಲ್ಲ. ಉಳಿದದ್ದನ್ನ ಉಳಿಸ್ಕೋಬಹುದು. ಮಾತ್ರೆ ಬಿಡಿ, ನೀರು ಕುಡೀರಿ, ಬಂದಾಗ ತಡೀಬೇಡಿ. ನಿಮ್ಮ ಕೈಲೇ ಇದೆ."

"ನನ್ನ ಕೈಲಿಲ್ಲ ಸಾರ್, ಮೊಳೆ ಮೇಲಿದೆ" ಎಂದೆ. ಅವರಿಗೆ ಅರ್ಥವಾಗಲಿಲ್ಲ. ಟೋಕನ್ನಿನ ಕಥೆಯನ್ನು ಪೂರ್ತಿ ಹೇಳಿದೆ. ಪೆನ್ನು ಕೆಳಗಿಟ್ಟು ಕೇಳಿದರು. ಆಮೇಲೆ ಕಂಪನಿಗೆ ಒಂದು ಪತ್ರ ಬರೆದುಕೊಟ್ಟರು.

ಪತ್ರ ನೋಡಿ ಆಫೀಸಿನಲ್ಲಿ ಒಂದು ವಾರ ಚರ್ಚೆ ನಡೆಯಿತು. ಹೆಂಗಸೊಬ್ಬಳು ಉಚ್ಚೆಗೆ ಹೋಗಬಹುದೇ ಎಂದು ಟೈ ಕಟ್ಟಿದವರು ವಾರವಿಡೀ ಯೋಚಿಸಿದ್ದನ್ನು ನೆನೆದರೆ ನಗು ಬರಬೇಕು, ನನಗೆ ಬರುವುದಿಲ್ಲ. ಕೊನೆಗೆ ನನ್ನ ಫೋಟೋ ಅಂಟಿಸಿದ, ಪ್ಲಾಸ್ಟಿಕ್ ಹಾಕಿಸಿದ ಒಂದು ಪಾಸ್ ಕೊಟ್ಟರು. ಅದು ಕೊರಳಲ್ಲಿದ್ದರೆ ಟೋಕನ್ ಬೇಕಿಲ್ಲ, ಬಾಟಲಿಯನ್ನು ಟೇಬಲ್ಲಿನ ಕೆಳಗೆ ಇಟ್ಟುಕೊಳ್ಳಬಹುದು. ವ್ಯಾನಿನಲ್ಲಿ ಬಂದಿದ್ದ ಅದೇ ಅಧಿಕಾರಿ ಲೈನಿನ ಮುಂದೆ ನಿಂತು, ಕಂಪನಿಗೆ ನಮ್ಮ ಆರೋಗ್ಯದ ಮೇಲೆ ಎಷ್ಟು ಕಾಳಜಿಯಿದೆ ನೋಡಿ ಎಂದು ಎಲ್ಲರಿಂದ ಚಪ್ಪಾಳೆ ಹೊಡೆಸಿದ. ಅರ್ಧ ಕಿಡ್ನಿ ಕೊಟ್ಟು ಪಡೆದ ಪಾಸಿಗೆ ಚಪ್ಪಾಳೆ. ನನ್ನ ಕೈಗಳು ಮಾತ್ರ ಅಲ್ಲಾಡಲಿಲ್ಲ.

ಎರಡು ಮೂರು ದಿನವಾಗಿರಬೇಕು. ನಾನು ನೀರು ಕುಡಿದು ಬಾಟಲಿ ಮುಚ್ಚುತ್ತಿದ್ದೆ. ಎದುರು ಟೇಬಲ್ಲಿನವಳು ಅಂಗಿಯನ್ನು ತಿರುವಿ ಹಾಕುವ ನೆಪದಲ್ಲಿ ಬಗ್ಗಿ, ಪಾಸನ್ನೇ ನೋಡುತ್ತಾ ಮೆಲ್ಲಗೆ ಕೇಳಿದಳು: "ಅಕ್ಕಾ, ಆ ಟೆಸ್ಟಲ್ಲಿ ಎಷ್ಟು ಬಂದ್ರೆ ಇದನ್ನ ಕೊಡ್ತಾರೆ? ನಂದು ಇನ್ನೂ ಅಷ್ಟೊಂದು ಕೆಟ್ಟಿಲ್ಲ ಅನ್ಸತ್ತೆ. ಇನ್ನೊಂದು ವರ್ಷ ಆಗ್ಬೇಕೇನೋ."

ತಮಾಷೆ ಮಾಡುತ್ತಿರಲಿಲ್ಲ. ಅವಳ ಮುಖದಲ್ಲಿ ಆಸೆಯಿತ್ತು, ಸಂಬಳ ಜಾಸ್ತಿಯಾದವಳನ್ನು ನೋಡುವಾಗ ಹುಟ್ಟುವಂಥ ಆಸೆ. ಕೊರಳಿನಿಂದ ಪಾಸ್ ತೆಗೆದು ಅವಳ ಕೊರಳಿಗೆ ಹಾಕಿದೆ. ಬಾಟಲಿಯನ್ನೂ ಕೊಟ್ಟೆ. "ಕುಡಿ. ಕುಡಿದು ಹೋಗಿ ಬಾ" ಎಂದೆ. ಅವಳು ಹೆದರಿ ನನ್ನ ಮುಖ ನೋಡಿದಳು, ಆಮೇಲೆ ಗಟಗಟ ಕುಡಿದು ಟಾಯ್ಲೆಟ್ಟಿನ ಕಡೆ ಹೊರಟಳು.

ಸೂಪರ್‌ವೈಸರ್ ಓಡಿಬಂದ. ಸುತ್ತಲಿನ ಟೇಬಲ್ಲುಗಳಲ್ಲಿ ಕೈಗಳು ನಿಂತವು.

"ಏಯ್, ಆ ಪಾಸ್ ಕೊಟ್ಟಿರೋದು ನಿನಗೆ. ಅವಳಿಗೇನಾಗಿದೆ?"

"ಅವಳಿಗೆ ಇನ್ನೂ ಏನೂ ಆಗಿಲ್ಲ ಸಾರ್" ಎಂದೆ. "ಅದಕ್ಕೇ ಕಳಿಸ್ತಾ ಇದೀನಿ."