ಸೇತುವೆ ಕಾಯುವ ಕೋಣ

ಆ ಕೋಣನ ಕೈಯಲ್ಲಿ ನಾನು ಮೂವತ್ತೇಳು ಸಲ ಸತ್ತಿದ್ದೇನೆ. ಗಣಿತದ ಟೀಚರು ನಾನು, ಎಣಿಕೆಯಲ್ಲಿ ತಪ್ಪುವುದಿಲ್ಲ. ಅಷ್ಟು ಸಲವೂ ಸತ್ತದ್ದು ನಮ್ಮ ಮನೆಯ ಪಡಸಾಲೆಯಲ್ಲಿ, ಟೀವಿಯ ಮುಂದೆ ಚಾಪೆ ಹಾಸಿಕೊಂಡು ಕೂತು. ಪಕ್ಕದಲ್ಲಿ ಅತ್ತೆ ಬೆಳ್ಳುಳ್ಳಿ ಸುಲಿಯುತ್ತಿದ್ದರು. ನಾನು ಸತ್ತಾಗಲೆಲ್ಲ ಕೈ ನಿಲ್ಲಿಸದೆಯೇ "ಶಿವಾ" ಅನ್ನುತ್ತಿದ್ದರು.

ಆಟ ನನ್ನ ಗಂಡನದು. ಹಗರಿಬೊಮ್ಮನಹಳ್ಳಿಯಲ್ಲಿ ಅವರದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಹಗಲೆಲ್ಲ ಊರಿನ ಕೆಟ್ಟ ಕಂಪ್ಯೂಟರುಗಳ ಹೊಟ್ಟೆ ಬಗೆದು, ಸಂಜೆ ಮನೆಗೆ ಬಂದು ಒಳ್ಳೆಯ ಕಂಪ್ಯೂಟರನ್ನು ಟೀವಿಗೆ ಜೋಡಿಸಿ ಒಂದು ತಾಸು ಆಡುವುದು ಅವರ ರೂಢಿ. ಕತ್ತಿ, ಮಂತ್ರ, ರಾಕ್ಷಸರು, ಎಷ್ಟು ನಡೆದರೂ ಮುಗಿಯದ ಒಂದು ನಾಡು. ಮದುವೆಯಾಗಿ ಹನ್ನೊಂದು ವರ್ಷ ನಾನು ಅದರ ಕಡೆ ತಿರುಗಿಯೂ ನೋಡಿರಲಿಲ್ಲ. ನೋಡುವ ಹಾಗೆ ಮಾಡಿದ್ದು ಒಂದು ಬಸ್ಸು.

ನನ್ನ ಶಾಲೆ ಇರುವುದು ತಂಬ್ರಹಳ್ಳಿಯ ಆಚೆಯ ಒಂದು ಹಳ್ಳಿಯಲ್ಲಿ. ಆ ವರ್ಷ ಶಾಲೆ ತೆರೆಯುವ ಹೊತ್ತಿಗೆ ಬೆಳಗಿನ ಬಸ್ಸಿನ ವೇಳೆ ಬದಲಾಯಿತು. ಹೊಸ ವೇಳೆಗೆ ಹೋದರೆ ಮೊದಲ ಪಿರಿಯಡ್ಡು ಅರ್ಧ ಮುಗಿದಿರುತ್ತಿತ್ತು. ಆ ಪಿರಿಯಡ್ಡು ನನ್ನದೇ, ಹತ್ತನೇ ತರಗತಿಯ ಗಣಿತ. ಎರಡೇ ದಾರಿ ಉಳಿದವು. ನಾನೇ ಸ್ಕೂಟರ್ ಓಡಿಸಿಕೊಂಡು ಹೋಗಬೇಕು, ಇಲ್ಲವೇ ವಾರವಿಡೀ ಆ ಹಳ್ಳಿಯಲ್ಲೇ ರೂಮು ಮಾಡಿಕೊಂಡು ಶನಿವಾರ ಮನೆಗೆ ಬರಬೇಕು. ನನಗೆ ನನ್ನ ಹತ್ತನೇ ತರಗತಿಯೂ ಬೇಕಿತ್ತು, ಸಂಜೆಯ ಹೊತ್ತಿಗೆ ನನ್ನ ಮನೆಯೂ ಬೇಕಿತ್ತು. ಒಂದನ್ನೂ ಬಿಟ್ಟುಕೊಡುವ ಜಾಯಮಾನ ನನ್ನದಲ್ಲ.

ಹಳೆಯದೊಂದು ಸ್ಕೂಟರ್ ತಂದೆವು. ಎರಡು ಭಾನುವಾರ ಕಾಲೇಜು ಮೈದಾನದಲ್ಲಿ ಸುತ್ತಿದೆ. ಸೋಮವಾರ ದೊಡ್ಡ ರಸ್ತೆ ಹಿಡಿದು ಹೊರಟವಳು ಹಳ್ಳದ ಸೇತುವೆಯ ತನಕ ಹೋದೆ. ಅದು ಅಗಲವಿಲ್ಲದ ಹಳೆಯ ಸೇತುವೆ. ಎದುರಿಗೆ ಲಾರಿ ಬಂತು, ಹಾರ್ನ್ ಹೊಡೆಯಿತು. ಅದು ನನ್ನನ್ನು ಮುಟ್ಟಲೂ ಇಲ್ಲ, ನಾನೇ ಹೋಗಿ ಪಕ್ಕದ ಮರಳಿನಲ್ಲಿ ಬಿದ್ದೆ. ಮೊಣಕೈ ತರಚಿತು. ತರಚಿದ್ದು ಎಂಟು ದಿನಕ್ಕೆ ಮಾಯಿತು, ಸ್ಕೂಟರ್ ಮಾತ್ರ ಒಂದು ತಿಂಗಳು ತಾಡಪತ್ರಿ ಹೊದ್ದು ಅಂಗಳದಲ್ಲೇ ನಿಂತಿತು. ದಿನಾ ಬೆಳಿಗ್ಗೆ ಗಂಡನೇ ಬೈಕಿನಲ್ಲಿ ಬಿಟ್ಟು ಬರುತ್ತಿದ್ದರು. ಅಂಗಡಿ ತೆರೆಯುವುದು ಹನ್ನೊಂದಾಗುತ್ತಿತ್ತು, ಗಿರಾಕಿಗಳು ಮುಚ್ಚಿದ ಶಟರ್ ನೋಡಿ ಬೇರೆ ಅಂಗಡಿಗೆ ಹೋಗುತ್ತಿದ್ದರು. ಅವರು ಏನೂ ಅನ್ನುತ್ತಿರಲಿಲ್ಲ. ಅನ್ನದೇ ಇದ್ದದ್ದೇ ನನಗೆ ಹೆಚ್ಚು ಚುಚ್ಚುತ್ತಿತ್ತು.

ಹೀಗೆ ಮುಖ ಗಂಟಿಕ್ಕಿಕೊಂಡು ಕೂತಿದ್ದ ಒಂದು ಸಂಜೆ ಅವರು ಜಾಯ್‌ಸ್ಟಿಕ್ಕನ್ನು ನನ್ನ ಮಡಿಲಿಗೆ ಹಾಕಿದರು.

"ಬರ್ರಿ ಮೇಡಂ, ಒಂದೀಟು ಇಲ್ಲಿ ಗಾಡಿ ಹೊಡ್ರಿ. ಇಲ್ಲಿ ಬಿದ್ರ ಮೊಣಕೈ ತರಚಂಗಿಲ್ಲ."

ಆಟ ಶುರುವಾಗುವುದು ಒಂದು ಪುಟ್ಟ ಊರಿನಲ್ಲಿ. ಊರ ಬಾಗಿಲು ದಾಟಿದರೆ ಕಲ್ಲು ಹಾಸಿದ ರಸ್ತೆ, ರಸ್ತೆಯ ಕೊನೆಗೆ ಸೇತುವೆ, ಸೇತುವೆಯ ಮೇಲೆ ಆನೆ ಗಾತ್ರದ ಒಬ್ಬ ದೈತ್ಯ. ಮುಖ ಕೋಣನದು, ಕೈಯಲ್ಲಿ ಬುಡ ಸಮೇತ ಕಿತ್ತ ಒಂದು ಮರ. ನನ್ನ ಕೈಯಲ್ಲಿ ಈಳಿಗೆಮಣೆಯ ಅಲಗಿಗಿಂತ ಚಿಕ್ಕ ಕತ್ತಿ. ನಾನು ಹತ್ತು ಸಲ ಹೊಡೆದರೆ ಅವನಿಗೆ ಸೊಳ್ಳೆ ಕಚ್ಚಿದ ಹಾಗಾಗುತ್ತಿತ್ತು, ಅವನು ಒಂದು ಸಲ ಮರ ಬೀಸಿದರೆ ನಾನು ಊರ ಬಾಗಿಲಲ್ಲಿ ಮತ್ತೆ ಹುಟ್ಟುತ್ತಿದ್ದೆ. ಹುಟ್ಟಿದವಳೇ ಓಡಿ ಹೋಗಿ ಮತ್ತೆ ಸಾಯುತ್ತಿದ್ದೆ. ಮೂರು ಸಂಜೆ ಇದೇ ನಡೆಯಿತು.

ನಾಲ್ಕನೆಯ ಸಂಜೆ ಸಿಟ್ಟು ನೆತ್ತಿಗೇರಿತು.

"ಈ ಆಟ ಮಾಡಿದವರಿಗಿ ಪ್ರಶ್ನಿ ಪತ್ರಿಕಿ ತಗಿಯಾಕ ಬರಂಗಿಲ್ಲ ನೋಡ್ರಿ," ಎಂದೆ. "ಒಂದು ಅಂಕದ ಪ್ರಶ್ನಿ ಮೊದಲು ಇರ್ಬೇಕು. ಇವ್ರು ಐದು ಅಂಕದ್ದು ತಂದು ಬಾಗ್ಲಾಗ ನಿಲ್ಸ್ಯಾರ!"

"ಕುಣಿಯಾಕ ಬರ್ಲಾರ್ದಾಕಿ ನೆಲ ಡೊಂಕು ಅಂದ್ಲಂತ," ಎಂದರು ಅತ್ತೆ ಬೆಳ್ಳುಳ್ಳಿಯ ಬುಟ್ಟಿಯಿಂದ ತಲೆ ಎತ್ತದೆ.

ಗಂಡ ನಗಲಿಲ್ಲ. ನಗಬಾರದೆಂದು ತಡೆದುಕೊಂಡದ್ದು ನನಗೆ ಕಂಡಿತು. "ಪರೀಕ್ಷಿ ದಿನ ಮಕ್ಕಳಿಗಿ ಏನ್ ಹೇಳಿ ಒಳಗ ಕಳಿಸ್ತಿ?" ಎಂದು ಕೇಳಿದರು.

"ಬರಲಾರ್ದ ಪ್ರಶ್ನಿ ಬಿಟ್ಟು ಮುಂದಕ್ಕ ಹೋಗ್ರಿ, ಕೊನಿಗಿ ಬಂದು ನೋಡ್ರಿ ಅಂತೀನಿ."

"ಮತ್ತ?"

ಹದಿನಾಲ್ಕು ವರ್ಷ ಮಕ್ಕಳಿಗೆ ಹೇಳಿದ ಮಾತನ್ನು ನಾನೇ ಒಂದು ದಿನವೂ ಪಾಲಿಸಿರಲಿಲ್ಲ. ಎದುರಿಗೆ ಒಂದು ರಸ್ತೆ ಕಂಡರೆ ಅದರಲ್ಲೇ ಹೋಗಬೇಕು, ಒಬ್ಬ ಅಡ್ಡ ನಿಂತರೆ ಅವನನ್ನೇ ಕೆಡವಬೇಕು. ಕೊಟ್ಟೂರಿನ ತವರು ಮನೆಯಲ್ಲಿ ನನ್ನನ್ನು ಬೆಳೆಸಿದ್ದೇ ಹಾಗೆ. ಅಂದು ಮೊದಲ ಬಾರಿಗೆ ಆಟದೊಳಗಿನ ನನ್ನ ಹುಡುಗಿಯನ್ನು ರಸ್ತೆಯಿಂದ ಎಡಕ್ಕೆ, ಹುಲ್ಲಿನೊಳಕ್ಕೆ ಇಳಿಸಿದೆ. ಕೋಣ ತನ್ನ ಪಾಡಿಗೆ ಸೇತುವೆ ಕಾಯುತ್ತ ನಿಂತ.

ಆಮೇಲಿನವು ನನಗೆ ನಿಜಕ್ಕೂ ಖುಷಿ ಕೊಟ್ಟ ದಿನಗಳು. ಆ ನಾಡಿನಲ್ಲಿ ಯಾರೂ ಕೈ ಹಿಡಿದು ಇಂಥಲ್ಲಿಗೆ ಹೋಗು ಅನ್ನುವುದಿಲ್ಲ. ದೂರದಲ್ಲಿ ಒಂದು ಕಡೆ ಹೊಗೆ ಏಳುತ್ತದೆ, ನೋಡೋಣ ಎಂದು ಹೋದರೆ ಅಲ್ಲೊಬ್ಬ ಕುಲುಮೆಯವನು ಇರುತ್ತಾನೆ. ಗುಡ್ಡದ ಮೇಲೆ ಒಂಟಿ ಮರ ಕಾಣುತ್ತದೆ, ಅದರ ಬುಡದಲ್ಲಿ ಏನಾದರೂ ಇದ್ದೇ ಇರುತ್ತದೆ. ಕಣ್ಣಿಗೆ ಕಾಣುವ ಹಾಗೆ ಇಟ್ಟು, ಹೋಗುವುದನ್ನು ನಮಗೇ ಬಿಟ್ಟಿದ್ದಾರೆ. ಚಿಕ್ಕವರಿದ್ದಾಗ ಹೊಲದಲ್ಲಿ ದಾರಿ ತಪ್ಪಿದರೆ ನಾವೂ ಹೀಗೇ ಯಾವುದಾದರೂ ದೊಡ್ಡ ಬೇವಿನ ಮರ ನೋಡಿಕೊಂಡು ನಡೆಯುತ್ತಿದ್ದೆವು. ಆಟದ ದಾರಿಯಲ್ಲಿ ನರಿಯೋ ಕಳ್ಳನೋ ಸಿಗುತ್ತಿದ್ದ, ಹೊಡೆದರೆ ಒಂದಿಷ್ಟು ಅನುಭವದ ಅಂಕ ಸೇರುತ್ತಿತ್ತು, ಸಾಕಷ್ಟು ಕೂಡಿದರೆ ಒಂದು ಲೆವೆಲ್ ಮೇಲೇರುತ್ತಿದ್ದೆ. ಹನಿ ಹನಿ ಕೂಡಿದರೆ ಹಳ್ಳ ಅನ್ನುವುದನ್ನು ಟೀವಿಯ ಮೂಲೆಯಲ್ಲಿ ಅಂಕಿ ಹಾಕಿ ತೋರಿಸುತ್ತಿದ್ದರು. ಗಣಿತದವಳಿಗೆ ಇನ್ನೇನು ಬೇಕು?

ಕೆಲವು ಆಟಗಳಲ್ಲಿ ನಾವು ಬೆಳೆದಷ್ಟೂ ವೈರಿಗಳೂ ಬೆಳೆಯುತ್ತಾರಂತೆ. ಗಂಡ ಹಾಗೆ ಹೇಳಿದಾಗ ನನಗೆ ಮೈ ಉರಿಯಿತು. ನಾನು ಒಂದು ಮೆಟ್ಟಿಲು ಹತ್ತಿದರೆ ಅಟ್ಟವೂ ಒಂದು ಮೆಟ್ಟಿಲು ಮೇಲೆ ಹೋಗುವುದಾದರೆ ಹತ್ತುವುದು ಯಾವ ಭಾಗ್ಯಕ್ಕೆ? ನಮ್ಮ ಆಟದಲ್ಲಿ ಹಾಗಿರಲಿಲ್ಲ. ಕೋಣ ಇದ್ದಷ್ಟೇ ಇದ್ದ, ಬದಲಾಗುತ್ತಿದ್ದವಳು ನಾನು.

ಒಂದು ಭಾನುವಾರ ಆಡುತ್ತ ಆಡುತ್ತಲೇ ಗಂಡನನ್ನು ಕೇಳಿದೆ: "ರೀ, ನಮ್ಮ ಸಾಲಿಗಿ ಆ ಸೇತುವಿ ಬಿಟ್ಟು ಬ್ಯಾರೆ ದಾರಿ ಇಲ್ಲೇನ್ರಿ?"

ಅವರು ತಕ್ಷಣ ಎದ್ದು ಬೈಕಿನ ಕೀಲಿ ತೆಗೆದುಕೊಂಡರು. ನಾನು ಕೇಳಲಿ ಎಂದೇ ಕಾಯುತ್ತಿದ್ದರೇನೋ. ಹೊಲಗಳ ನಡುವೆ ಒಂದು ಒಳದಾರಿ ಇತ್ತು. ನಾಲ್ಕೈದು ಕಿಲೋಮೀಟರ್ ಸುತ್ತು, ಆದರೆ ಲಾರಿ ಇಲ್ಲ, ಬಸ್ಸಿಲ್ಲ, ಸೇತುವೆ ಇಲ್ಲ. ಅಂದು ಅವರ ಬೈಕಿನ ಹಿಂದೆ ಸ್ಕೂಟರಿನಲ್ಲಿ ಮೂರು ಸಲ ಹೋಗಿ ಬಂದೆ. ಮರುದಿನದಿಂದ ಒಬ್ಬಳೇ ಹೊರಟೆ.

ಇಪ್ಪತ್ತರ ವೇಗ. ಎರಡೂ ಬದಿಗೆ ಮೆಕ್ಕೆಜೋಳ, ನಡುನಡುವೆ ಈರುಳ್ಳಿ ಹೊಲ. ಕಳೆ ತೆಗೆಯಲು ಹೊರಟ ಹೆಂಗಸರು "ಟೀಚರ್ರು ಬಂದ್ರು, ಸರೀರೆವ್ವಾ" ಎಂದು ದಾರಿ ಬಿಡುತ್ತಿದ್ದರು. ಕನ್ನಡಿ ನೋಡಿದರೆ ಗಾಡಿ ಅತ್ತಲೇ ವಾಲುತ್ತದೆಂದು ಎರಡೂ ಕನ್ನಡಿಗಳನ್ನು ಒಳಗೆ ಮಡಚಿಬಿಟ್ಟಿದ್ದೆ. ಮುಂದಿನದಷ್ಟೇ ನನ್ನ ಲೋಕ. ಅರ್ಧ ದಾರಿಯಲ್ಲಿ ನಾಲ್ಕಾರು ಮನೆಗಳ ಒಂದು ಊರು, ಅದರ ಬಾಯಲ್ಲಿ ಮಂಡಕ್ಕಿ ಮಿರ್ಚಿಯ ಒಂದು ಗೂಡಂಗಡಿ, ಅದರ ಮುಂದೆ ಒಂದು ಕೆಂದನಾಯಿ. ನನ್ನನ್ನು ಕಂಡರೆ ಅದಕ್ಕೇನೋ ಹಬ್ಬ. ಬೊಗಳುತ್ತ ಓಡಿಬರುತ್ತಿತ್ತು. ನಾನು ಗಾಡಿ ನಿಲ್ಲಿಸಿ, ಎರಡೂ ಕಾಲು ಊರಿ, ಅದಕ್ಕೆ ಬೇಸರವಾಗಿ ಹೋಗುವ ತನಕ ಕಲ್ಲಿನ ಹಾಗೆ ಕೂತಿರುತ್ತಿದ್ದೆ. ಎರಡನೆಯ ವಾರದ ಗುರುವಾರ ಕಿರುಪರೀಕ್ಷೆ ಇತ್ತು, ತಡವಾಗಿತ್ತು. ಅಂದು ಮಾತ್ರ "ಹಚಾ! ನಿನಗೇನ್ ಬ್ಯಾರೆ ಕೆಲ್ಸ ಇಲ್ಲೇನು?" ಎಂದು ಗದರಿಸಿ ಮುಂದೆ ಹೋದೆ. ನಾಯಿ ಅಲ್ಲೇ ನಿಂತಿತು. ನನ್ನ ತಲೆಯಲ್ಲಿ ಪರೀಕ್ಷೆಯೇ ತುಂಬಿತ್ತು, ಅದನ್ನು ಆಗಲೇ ಮರೆತೆ.

ಒಳದಾರಿಯ ಓಡಾಟಕ್ಕೆ ಮೂರು ವಾರ ಮುಗಿದ ಭಾನುವಾರ ಸಂಜೆ ಕೋಣನ ಎದುರು ಹೋಗಿ ನಿಂತೆ. ಹನ್ನೆರಡನೇ ಲೆವೆಲ್, ಕುಲುಮೆಯವನು ಕೊಟ್ಟ ಹೊಸ ಕತ್ತಿ. ಅಷ್ಟರಲ್ಲಿ ಕುಕ್ಕರ್ ಮೂರನೇ ಸೀಟಿ ಹೊಡೆಯಿತು. ಎದ್ದು ಹೋಗಿ ಇಳಿಸಿ ಬಂದು, ಸೆರಗು ಸಿಕ್ಕಿಸಿಕೊಂಡು ಕೂತೆ. ಐದೇ ಏಟು. ಕೋಣ ಮಂಡಿಯೂರಿ, ದೊಪ್ಪನೆ ಬಿದ್ದ. ಅತ್ತೆ ಬೆಳ್ಳುಳ್ಳಿ ಬಿಟ್ಟು ಚಪ್ಪಾಳೆ ತಟ್ಟಿದರು.

ನಾನೂ ಕುಣಿದೆ. ಆದರೆ ಲೆಕ್ಕ ತಲೆ ತಿನ್ನತೊಡಗಿತು. ಏಟು ಬಿದ್ದಾಗಲೆಲ್ಲ ವೈರಿಯ ತಲೆಯ ಮೇಲೆ ಅದರ ಅಂಕಿ ಮೂಡುತ್ತದೆ. ಆ ಕತ್ತಿಗೆ, ಆ ಲೆವೆಲ್ಲಿಗೆ ಇಪ್ಪತ್ತು ಬರಬೇಕು. ಹಿಂದಿನ ದಿನ ಕಳ್ಳನಿಗೆ ಬಿದ್ದದ್ದೂ ಇಪ್ಪತ್ತೇ. ಕೋಣನಿಗೆ ಬಿದ್ದದ್ದು ಅರವತ್ತು, ಸರಿಯಾಗಿ ಮೂರು ಪಟ್ಟು. ಸೆಟ್ಟಿಂಗ್ಸ್ ತೆರೆದು ನೋಡಿದೆ. ಆಟದ ಕಷ್ಟವನ್ನು ಎಲ್ಲಕ್ಕಿಂತ ಕೆಳಗಿನ ಮಟ್ಟಕ್ಕೆ ಇಳಿಸಲಾಗಿತ್ತು.

"ಕುಕ್ಕರ್ ಇಳಸಾಕ ಹೋದಾಗೇನ್ರಿ?" ಎಂದೆ.

ಅವರು ತಪ್ಪು ಮಾಡಿ ಸಿಕ್ಕಿಬಿದ್ದ ಎಂಟನೇ ತರಗತಿಯ ಹುಡುಗನ ಹಾಗೆ ನೆಲ ನೋಡಿದರು. "ಇನ್ನೊಂದ್ಸಲ ಸತ್ರ ನಿನ್ನ ಮಾರಿ ನೋಡಾಕ ಆಗಂಗಿಲ್ಲ ಅನಿಸ್ತು."

"ಮಕ್ಕಳಿಗಿ ನಾನು ಕಾಪಿ ಹೊಡಿಸ್ತೀನೇನು? ಹಂಗ ಪಾಸಾದ್ರ ಅದು ಪಾಸೇನು?"

ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಆದರೆ ಅಂದು ಬಂದದ್ದು ಕೋಪವಲ್ಲ, ಅವಮಾನ. ಇವರಿಗೆ ನನ್ನ ಮೇಲೆ ನಂಬಿಕೆ ಇಲ್ಲ ಎನ್ನಿಸಿತು. ಕೋಣ ಬಿದ್ದದ್ದನ್ನು ಅಳಿಸಿ ಉಳಿಸಿಟ್ಟಿದ್ದ ಹಿಂದಿನ ದಿನದ ಆಟಕ್ಕೆ ಮರಳಿದೆ, ಕಷ್ಟವನ್ನು ಮೊದಲಿದ್ದಲ್ಲಿಗೆ ಏರಿಸಿದೆ, ಮಾತಾಡದೆ ಮಲಗಿದೆ. ಮರುದಿನ ಸಿಟ್ಟಿಗೆ ನಾಷ್ಟಾವನ್ನೂ ಮಾಡದೆ ಹೊರಟೆ.

ಸಿಟ್ಟು ಅರ್ಧ ದಾರಿಯ ತನಕ ಹೊಟ್ಟೆ ತುಂಬಿಸುತ್ತದೆ. ಗೂಡಂಗಡಿಯ ಹತ್ತಿರ ಮಿರ್ಚಿಯ ವಾಸನೆ ಬಂದಾಗ ಮೊದಲ ಸಲ ಅಲ್ಲಿ ಗಾಡಿ ನಿಲ್ಲಿಸಿದೆ. ಅಂಗಡಿಯ ಹೆಂಗಸು ಕಾಗದದಲ್ಲಿ ಮಂಡಕ್ಕಿ ಸುರಿಯುತ್ತ, "ಅವ್ರು ಈಗ ಬರೋದು ಬಿಟ್ರೇನ್ರಿ?" ಎಂದಳು.

"ಯಾರ್ರಿ?"

"ನಿಮ್ಮ ಹಿಂದ ಬೈಕಿನ್ಯಾಗ ಬರ್ತಿದ್ರಲ್ರಿ, ನಿಮ್ಮನಿಯವ್ರಂತ. ದಿನಾ ಇಲ್ಲೇ ನಿಂತು, ನೀವು ಆ ತಿರುವು ದಾಟೋತನ ನೋಡಿ, ಮಂಡಕ್ಕಿ ತಿಂದು ತಿರುಗಿ ಹೋಗ್ತಿದ್ರು. ಹತ್ತು ದಿನ ಬಂದಾರ. ಹ್ವಾದ ವಾರದ ಹಿಂದಿನ ಗುರುವಾರ ಬಂದಿದ್ದೇ ಕಡಿ, ಆಮ್ಯಾಲೆ ಪತ್ತೆನೇ ಇಲ್ಲ."

ಕೈಯಲ್ಲಿ ಮಿರ್ಚಿ ಹಿಡಿದುಕೊಂಡೇ ನಿಂತೆ. ಅಂಗಡಿ ಹನ್ನೊಂದಕ್ಕೆ ಬದಲು ಒಂಬತ್ತೂವರೆಗೇ ತೆರೆಯುತ್ತಿರಬೇಕು ಎಂದು ನಾನು ಬೀಗುತ್ತಿದ್ದೆ, ಒಂದು ದಿನವೂ ಅವರನ್ನು ಕೇಳಿರಲಿಲ್ಲ. ಲೆಕ್ಕ ಹಾಕಿದೆ. ಹತ್ತು ದಿನ ಅವರು ಹಿಂದೆ ಇದ್ದರು. ಆ ಶುಕ್ರವಾರ, ಶನಿವಾರ, ಮತ್ತೆ ಕಳೆದ ವಾರದ ಆರು ದಿನ, ಒಟ್ಟು ಎಂಟು ದಿನ ನನ್ನ ಹಿಂದೆ ಯಾರೂ ಇರಲಿಲ್ಲ. ಆ ಹತ್ತಕ್ಕೂ ಈ ಎಂಟಕ್ಕೂ ನನಗೆ ಎಳ್ಳಷ್ಟೂ ವ್ಯತ್ಯಾಸ ಗೊತ್ತಾಗಿರಲಿಲ್ಲ. ಕಣ್ಣಲ್ಲಿ ನೀರು ಬಂತು. ಮಿರ್ಚಿ ಖಾರವಾಗಿದೆ ಎಂದೆ, ಅಂಗಡಿಯವಳು ನಂಬಿದಳು.

ಸಂಜೆ ಶಾಲೆಯ ಗೇಟಿನಲ್ಲಿ ನಿಂತು ಎರಡೂ ಕನ್ನಡಿಗಳನ್ನು ಬಿಚ್ಚಿ ಸರಿಮಾಡಿಕೊಂಡೆ. ಒಳದಾರಿಗೆ ತಿರುಗದೆ ದೊಡ್ಡ ರಸ್ತೆ ಹಿಡಿದೆ. ಸೇತುವೆಯ ಬಳಿ ಎದುರಿನಿಂದ ಲಾರಿ ಬಂತು, ಅಂದಿನ ಹಾಗೆಯೇ ಹಾರ್ನ್ ಹೊಡೆಯಿತು. ಅದರ ಎದುರು ಹಟ ಮಾಡುವುದು ಬೇಡವೆಂದು ಸೇತುವೆಗೆ ಮೊದಲೇ ಬದಿಗೆ ನಿಂತೆ, ಲಾರಿ ಹೋಗಲು ಬಿಟ್ಟೆ, ಕನ್ನಡಿಯಲ್ಲಿ ಹಿಂದೆ ನೋಡಿದೆ, ದಾಟಿದೆ. ಅಷ್ಟೇ.

ಮನೆಗೆ ಹೋಗದೆ ನೇರವಾಗಿ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದೆ. ಅವರು ಯಾವುದೋ ಪ್ರಿಂಟರಿನ ಮುಚ್ಚಳ ತೆಗೆದುಕೊಂಡು ಕೂತಿದ್ದರು. ನಾನು ಬಂದ ದಿಕ್ಕು ನೋಡಿದರು, ಕನ್ನಡಿ ನೋಡಿದರು. ನಾನೇ ಕೇಳಿದೆ.

"ಹತ್ತು ದಿನ ಯಾಕ ಬಂದ್ರಿ ಅಂತ ಕೇಳಂಗಿಲ್ಲ. ಆ ಶುಕ್ರವಾರದಿಂದ ಯಾಕ ಬರ್ಲಿಲ್ಲ, ಅದನ್ನ ಹೇಳ್ರಿ."

ಅವರು ಸ್ಕ್ರೂಡ್ರೈವರ್ ಕೆಳಗಿಟ್ಟರು.

"ಗುರುವಾರ ನೀ ನಾಯಿಗಿ ಬೈದಿ," ಎಂದರು. "ಗಾಡಿ ನಿಲ್ಲಿಸಲಾರ್ದ ಬೈದಿ. ಇನ್ನ ನಂದೇನ್ ಕೆಲಸ ಐತಿ ಅಂತ ತಿರುಗಿ ಬಂದೆ."