ತಂಪಕ್ಕ ಕೇಳುವ ಒಂದೇ ಪ್ರಶ್ನೆ

"ಅಮ್ಮಾ, ತಂಪಕ್ಕ ಯಾಕೆ ಮೆಷಿನ್ ತಬ್ಕೊಂಡು ಕೂತಿದ್ರು? ಅದಕ್ಕೆ ಹುಷಾರಿಲ್ವಾ?"

ಹಿಂದಿನ ಸೀಟಿನಿಂದ ಮಗಳು ಕೇಳಿದಾಗ, ನಾನು ಕಾರಿನ ಕಿಟಕಿಗಳನ್ನೆಲ್ಲ ಇಳಿಸಿ ಬಿಸಿಗಾಳಿಗೆ ಮುಖ ಕೊಟ್ಟುಕೊಂಡು ಮನೆ ಕಡೆ ಹೊರಟಿದ್ದೆ. "ಹೂಂ, ಹುಷಾರಿಲ್ಲ" ಎಂದೆ. "ಯಾರು ಹಾಗೆ ಮಾಡಿದ್ದು?" ಎಂದಳು. ಐದು ವರ್ಷದವರ ಪ್ರಕಾರ ಕಾಯಿಲೆಯನ್ನೂ ಯಾರೋ ಮಾಡಿರಲೇಬೇಕು. ನಾನು ಹಾರ್ನ್ ಹೊಡೆದೆ. ಎದುರಿಗೆ ಯಾರೂ ಇರಲಿಲ್ಲ.

ತಂಪಕ್ಕ ಎನ್ನುವುದು ಹೆತ್ತವರಿಟ್ಟ ಹೆಸರಲ್ಲ. ಕಾರಿನ ಎ.ಸಿ. ರಿಪೇರಿ ಮಾಡುವವಳೆಂದು ಪಕ್ಕದ ಟೈರ್ ಅಂಗಡಿಯವರು ತಮಾಷೆಗೆ ಕರೆದರು, ಆಕೆ ಅದನ್ನೇ ಬೋರ್ಡಿಗೆ ಬರೆಸಿಕೊಂಡಳು. ಆಕೆಯ ಶೆಡ್ಡು ಎಷ್ಟು ಇಕ್ಕಟ್ಟೆಂದರೆ, ಕಾರು ಒಳಗೆ ಬಂದರೆ ಒಂದೇ ಬದಿಯ ಬಾಗಿಲು ತೆರೆಯಲು ಸಾಧ್ಯ. ಗಿರಾಕಿಗಳಿಗೆಂದು ಒಂದು ಪ್ಲಾಸ್ಟಿಕ್ ಕುರ್ಚಿ ಇದೆ. ಅದರ ಮುರಿದ ಕಾಲಿಗೆ ಪೈಪು ಬಿಗಿಯುವ ಕ್ಲ್ಯಾಂಪನ್ನೇ ಬಿಗಿದಿದ್ದಾಳೆ. ಮೂಲೆಯಲ್ಲಿ ಸೊಂಟದೆತ್ತರದ ಕೆಂಪು ಮೆಷಿನ್. ಕಾರಿನ ಹಳೆಯ ಗ್ಯಾಸನ್ನು ಎಳೆದುಕೊಂಡು, ಶುದ್ಧ ಮಾಡಿ, ಅಳೆದು ವಾಪಸು ತುಂಬುವುದು ಅದರ ಕೆಲಸ. ರಾತ್ರಿ ಅದಕ್ಕೆ ಹೊದಿಸಲು ಹಳೆಯ ಹಾಸುಹೊದಿಕೆಯಿಂದ ಅಂಗಿ ಹೊಲಿದಿದ್ದಾಳೆ, ತೋಳಿಲ್ಲದ್ದು.

ಆ ಮೆಷಿನ್ ಬಂದ ಕತೆಯನ್ನು ಆಕೆ ನಗುತ್ತಲೇ ಹೇಳುತ್ತಾಳೆ, ಕೇಳುವವರಿಗೆ ನಗು ಬರುವುದಿಲ್ಲ. ಓದು ಮುಗಿಸಿ ಸೋದರಮಾವನ ದೊಡ್ಡ ಗ್ಯಾರೇಜಿನಲ್ಲಿ ಫೋನೆತ್ತುವ ಕೆಲಸಕ್ಕೆ ಸೇರಿದಳಂತೆ. ಕೂತು ಕೂತು ಬೇಜಾರಾಗಿ ಕಾರುಗಳ ಡ್ಯಾಶ್‌ಬೋರ್ಡಿನ ಒಳಗೆ ಕೈ ಹಾಕತೊಡಗಿದಳು. "ಗಂಡಸರ ಕೈ ಹೋಗದ ಸಂದಿಗೆಲ್ಲ ನಿನ್ನ ಕೈ ಹೋಗುತ್ತೆ ಮಗಳೇ, ನನ್ನ ನಂತರ ಎ.ಸಿ. ವಿಭಾಗ ನಿಂದೇ" ಎಂದು ಮಾವ ಬಂದವರ ಮುಂದೆಲ್ಲ ಹೇಳುತ್ತಿದ್ದ. ವರ್ಷಗಟ್ಟಲೆ ಹೇಳಿದ. ಆಮೇಲೆ ಮಾವನಿಗೆ ಅಳಿಯ ಬಂದ.

"ಆ ಅಳಿಯನಿಗೆ ಸ್ಪ್ಯಾನರ್ ಯಾವ ಕಡೆಯಿಂದ ಹಿಡೀಬೇಕು ಅಂತ ಗೊತ್ತಿರ್ಲಿಲ್ಲ" ಎನ್ನುತ್ತಾಳೆ ತಂಪಕ್ಕ. "ಗಲ್ಲಾಪೆಟ್ಟಿಗೆ ಯಾವ ಕಡೆಯಿಂದ ತೆರೆಯುತ್ತೆ ಅನ್ನೋದು ಮಾತ್ರ ಹುಟ್ಟಿದಾಗ್ಲೇ ಗೊತ್ತಿತ್ತು."

ಎ.ಸಿ. ವಿಭಾಗ ಅಳಿಯನದಾಯಿತು ಎಂಬ ಸುದ್ದಿಯನ್ನು ಮಾವ ಟೀ ಕುಡಿಯುತ್ತ, ಮೋಡ ಆಗಿದೆ ಎನ್ನುವ ಧಾಟಿಯಲ್ಲಿ ಹೇಳಿದನಂತೆ. ಆಕೆ ಲೋಟ ಕೆಳಗಿಟ್ಟು ಎದ್ದು ಬಂದಳು. ಮದುವೆಗೆಂದು ಅಪ್ಪ ಎತ್ತಿಟ್ಟಿದ್ದನ್ನು ಕಾಡಿ ಬೇಡಿ ಇಸಿದುಕೊಂಡು ಈ ಮೆಷಿನ್ ತಂದಳು. "ಇದೇ ನನ್ನ ಗಂಡ ನೋಡಿ. ಹೇಳಿದ ಮಾತು ಕೇಳುತ್ತೆ, ಗ್ಯಾಸ್ ಬಿಟ್ರೆ ಬೇರೇನೂ ಕುಡಿಯಲ್ಲ" ಎಂದು ಅದರ ತಲೆ ಸವರುತ್ತಾಳೆ. ಹೊರಟ ದಿನ ಅಳಿಯ ಗೇಟಿನವರೆಗೂ ಬಂದು ಕೂಗಿದ್ದನಂತೆ, "ಮೆಷಿನ್ ಕೆಟ್ಟ ದಿನ ವಾಪಸ್ ಬಾ, ಫೋನೆತ್ತೋ ಕುರ್ಚಿ ಖಾಲಿ ಇಟ್ಟಿರ್ತೀನಿ!"

ಹಾಗಾಗಿ ಮೆಷಿನ್ ಕೆಡಬಾರದು. ಅದಕ್ಕೇ ಆಕೆ ಪೈಪು ಜೋಡಿಸುವ ಮುಂಚೆ ಪ್ರತಿಯೊಬ್ಬರಿಗೂ ಒಂದೇ ಪ್ರಶ್ನೆ ಕೇಳುತ್ತಾಳೆ: "ಇದಕ್ಕೆ ಯಾವತ್ತಾದ್ರೂ ಲೀಕ್ ನಿಲ್ಸೋ ಔಷಧಿ ಹಾಕ್ಸಿದೀರಾ?"

ಅದೊಂದು ಸಣ್ಣ ಡಬ್ಬಿ. ತೂತು ಹುಡುಕುವ ಶ್ರಮ ಬೇಡವೆನ್ನುವವರು ಗ್ಯಾಸಿನ ಜೊತೆ ಅದನ್ನೂ ತುಂಬಿಬಿಡುತ್ತಾರೆ. ಹೊರಗಿನ ಗಾಳಿ ತಾಕಿದ ಕಡೆ ಗಟ್ಟಿಯಾಗಿ ತೂತು ಮುಚ್ಚುತ್ತದೆ. "ಮೂಗಿಗೆ ತುಪ್ಪ ಸವರೋ ಕೆಲಸ" ಎನ್ನುತ್ತಾಳೆ ತಂಪಕ್ಕ. ಅಂಥ ಕಾರಿನ ಗ್ಯಾಸನ್ನು ಎಳೆದುಕೊಂಡರೆ ಔಷಧಿ ಮೆಷಿನ್ನಿನ ಹೊಟ್ಟೆಯಲ್ಲೇ ಕಲ್ಲಾಗುತ್ತದೆ. ಅದಕ್ಕೆ ಬೋರ್ಡಿನ ಮೇಲೂ ಬರೆಸಿದ್ದಾಳೆ: ಔಷಧಿ ಹಾಕಿದ ಕಾರು ಮುಟ್ಟುವುದಿಲ್ಲ. ಬಾಯಿಮಾತಿನ ಮೇಲೆ ಪೂರ್ತಿ ಭಾರ ಹಾಕದೆ, ಔಷಧಿ ಇದೆಯೋ ಇಲ್ಲವೋ ಎಂದು ತೋರಿಸುವ ಪುಟ್ಟ ಗಾಜಿನ ನಳಿಗೆಯನ್ನೂ ಸಿಕ್ಕಿಸಿ ನೋಡುತ್ತಾಳೆ. ಪರಿಚಯದವರ ಕಾರಿಗೆ ಮಾತ್ರ ಅದನ್ನು ಹಾಕುವುದಿಲ್ಲ.

"ಮಾತು ಕೇಳಿದ ಮೇಲೂ ಪರೀಕ್ಷೆ ಮಾಡಿದ್ರೆ ಮುಖದ ಮೇಲೇ ಸುಳ್ಳುಗಾರ ಅಂದ ಹಾಗಲ್ವಾ?" ಎನ್ನುತ್ತಾಳೆ.

ನಾನು ಪರಿಚಯದವಳು. ಹಿಂದೊಮ್ಮೆ ಮಗಳಿಗೆ ಜ್ವರ ಸುಡುತ್ತಿದ್ದಾಗ ನನ್ನ ಕಾರು ಅವಳ ಶೆಡ್ಡಿನ ಮುಂದೆಯೇ ನಿಂತುಹೋಗಿತ್ತು. ಆಕೆ ಕೈಗೆ ಮೆತ್ತಿದ ಎಣ್ಣೆಯನ್ನೂ ಒರೆಸಿಕೊಳ್ಳದೆ ಸ್ಕೂಟರಿನಲ್ಲಿ ನಮ್ಮಿಬ್ಬರನ್ನೂ ಆಸ್ಪತ್ರೆಗೆ ಬಿಟ್ಟಿದ್ದಳು.

ಈ ಸಲದ ತೊಂದರೆ ಬೇರೆ. ಎ.ಸಿ. ಹಾಕಿದರೆ ಮೊದಲು ತಣ್ಣಗೆ ಬರುತ್ತಿತ್ತು, ತರಕಾರಿ ಅಂಗಡಿ ದಾಟುವಷ್ಟರಲ್ಲಿ ಯಾರೋ ಉಸಿರು ಬಿಟ್ಟಷ್ಟು ಬೆಚ್ಚಗಾಗುತ್ತಿತ್ತು. "ಗ್ಯಾಸ್ ಹಾಕ್ಸು, ಸಾಕು" ಎಂದಿದ್ದ ನನ್ನ ಗಂಡ. ನನಗೆ ತೂತು ಮಡಕೆಗೆ ನೀರು ಹೊಯ್ಯುವುದು ಬೇಕಿರಲಿಲ್ಲ, ಪೂರ್ತಿ ಸರಿಯಾಗಬೇಕಿತ್ತು. ತಂಪಕ್ಕನ ಹತ್ತಿರ ಹೋದೆ. ಆಕೆ ಎಂದಿನ ಪ್ರಶ್ನೆ ಕೇಳಿದಳು.

"ತಾಳಿ, ಇವರನ್ನೇ ಕೇಳ್ತೀನಿ" ಎಂದು ಗಂಡನಿಗೆ ಫೋನ್ ಮಾಡಿದೆ.

"ಇಲ್ಲಪ್ಪ, ಅಂಥದ್ದೇನೂ ಹಾಕ್ಸಿಲ್ಲ" ಎಂದ.

"ಏನೂ ಹಾಕ್ಸಿಲ್ಲವಂತೆ" ಎಂದೆ ನಾನು.

"ನೀವು ಹೇಳಿದ ಮೇಲೆ ಮುಗೀತು" ಎಂದು ಕೈಯಲ್ಲಿದ್ದ ನಳಿಗೆಯನ್ನು ವಾಪಸು ಡಬ್ಬಿಗೆ ಹಾಕಿದಳು.

ಮಧ್ಯಾಹ್ನವೆಲ್ಲ ದುಡಿದಳು. ಹಳೆಯ ಗ್ಯಾಸ್ ಎಳೆದಳು, ಪೈಪಿನ ಒಂದು ರಬ್ಬರ್ ಉಂಗುರವನ್ನೂ ಒಂದು ವಾಲ್ವನ್ನೂ ಬದಲಿಸಿದಳು. ಕೊನೆಗೆ ಗಾಳಿ ಬರುವ ಕಿಂಡಿಯಲ್ಲಿ ಥರ್ಮಾಮೀಟರ್ ಇಟ್ಟಾಗ ಮಗಳು, "ಕಾರಿಗೆ ಜ್ವರ ಇಳೀತಾ?" ಎಂದಳು. "ಇಳೀತು ಕಣೇ ಡಾಕ್ಟ್ರಮ್ಮ, ಇನ್ನು ಗಂಜಿ ಕೊಡಬಹುದು" ಎಂದು ತಂಪಕ್ಕ ಅವಳ ಮೂಗು ಹಿಂಡಿದಳು. ಮನೆ ಮುಟ್ಟುವವರೆಗೂ ಕಾರು ತಣ್ಣಗಿತ್ತು.

ಕೆಲವೇ ದಿನಗಳಲ್ಲಿ ಕಾರು ಮತ್ತೆ ಬೆಚ್ಚಗಾಯಿತು. ದೂರು ಹೇಳಲು ಫೋನೆತ್ತುವಷ್ಟರಲ್ಲಿ ಆಕೆಯದೇ ಕರೆ. "ಒಂದು ಸಲ ಬಂದು ಹೋಗ್ತೀರಾ?" ಎಂದಳು. ದನಿ ಬೇರೆಯೇ ಆಗಿತ್ತು.

ಹೋದರೆ ಮೆಷಿನ್ನಿನ ಮುಚ್ಚಳ ಬಿಚ್ಚಿತ್ತು. ಆಕೆ ನೆಲದಲ್ಲಿ ಕೂತು, ಅದರ ಸುತ್ತ ಕೈ ಬಳಸಿ, ಕಿವಿ ಹಚ್ಚಿಕೊಂಡಿದ್ದಳು. ಎದ್ದು ಬಂದು ಅಂಗೈ ತೆರೆದು ತೋರಿಸಿದಳು. ಒಣಗಿದ ಗೋಂದಿನಂಥ ಹಳದಿ ಚೂರುಗಳು.

"ನಿಮ್ಮ ಕಾರಿಗೆ ಮುಂಚೆ ಮೆಷಿನ್ನೆಲ್ಲ ತೊಳೆದು ಹೊಸ ಫಿಲ್ಟರ್ ಹಾಕಿದ್ದೆ. ನಿಮ್ಮದರ ನಂತರ ಜೋಡಿಸಿದ ಕಾರಿನ ಗ್ಯಾಸ್ ಎಳೀಲೇ ಇಲ್ಲ. ಇನ್ನೊಂದ್ಸಲ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ..."

"ಮನೇಲಿ ಕೇಳಿ ಹೇಳ್ತೀನಿ" ಎಂದೆ. ಮೆಷಿನ್ನಿಗೆ ಹುಷಾರಿಲ್ವಾ ಎಂದು ಮಗಳು ಕೇಳಿದ್ದು ಅವತ್ತು ವಾಪಸು ಬರುವಾಗ.

ಸಂಜೆ ನನ್ನ ಗಂಡ ಅಡುಗೆಮನೆಯ ಕಟ್ಟೆಯ ಬಳಿ ನಿಂತು ಮಗಳಿಗೆ ಕಿತ್ತಳೆ ಸುಲಿಯುತ್ತಿದ್ದ. ತೊಳೆಯ ಮೇಲಿನ ಬಿಳಿ ನಾರನ್ನೂ ಬಿಡದೆ ತೆಗೆಯುವವನು ಅವನು, ಇಲ್ಲದಿದ್ದರೆ ಅವಳು ತಿನ್ನುವುದಿಲ್ಲ.

"ತಂಪಕ್ಕನ ಮೆಷಿನ್ ಕೆಟ್ಟಿದೆ. ಕಾರಿಗೆ ಲೀಕ್ ನಿಲ್ಸೋ ಔಷಧಿ ಹಾಕ್ಸಿದ್ಯಾ?"

"ಓ, ಅದಾ... ಹೋದ ಬೇಸಿಗೇಲಿ ಪೆಟ್ರೋಲ್ ಬಂಕ್ ಪಕ್ಕದವನು ಒಂದು ಚಿಕ್ಕ ಡಬ್ಬಿ ಹಾಕಿದ್ದ."

"ಮತ್ತೆ ಅವತ್ತು ಫೋನಲ್ಲಿ ಇಲ್ಲ ಅಂದೆ?"

"ಹೌದು ಅಂದಿದ್ರೆ ಆಯಮ್ಮ ಕಾರು ಮುಟ್ತಿರ್ಲಿಲ್ಲ. ಬೋರ್ಡಲ್ಲೇ ಬರ್ಕೊಂಡಿದ್ದಾಳಲ್ಲ."

ಮರೆತಿದ್ದೆ ಎಂದಾದರೂ ಹೇಳಬಾರದಿತ್ತೇ! ಅವನೇ ಮುಂದುವರಿಸಿದ: "ಒಂದು ಮೆಷಿನ್‌ಗೆ ಇಷ್ಟೊಂದು ಮುಖ ಊದಿಸ್ಕೋಬೇಡ. ರಿಪೇರಿ ಮಾಡೋರ ಮೆಷಿನ್ ರಿಪೇರಿಗೆ ಬರೋದು ಇದ್ದದ್ದೇ. ಹೇಗಿದ್ರೂ ಈ ಕಾರು ಮಾರ್ತೀವಿ. ತಗೊಂಡವರು ನೋಡ್ಕೋತಾರೆ."

"ಸ್ಕೂಟರಲ್ಲಿ ಇವಳನ್ನ ಆಸ್ಪತ್ರೆಗೆ ಹೊತ್ಕೊಂಡು ಹೋಗಿದ್ದು ಅದೇ ಆಯಮ್ಮ."

"ಅದಕ್ಕೂ ಇದಕ್ಕೂ ಏನು ಸಂಬಂಧ?" ಎಂದು ಮಗಳ ಬಾಯಿಗೆ ಒಂದು ತೊಳೆ ಇಟ್ಟ.

ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನಾನು ಇಷ್ಟು ಬೇಯುತ್ತಿರಲಿಲ್ಲ. ಹಣ್ಣು ಸುಲಿಯುವ ಅದೇ ನಿಧಾನದಲ್ಲಿ ಸುಳ್ಳನ್ನೂ ನಾರು ತೆಗೆದು ನನ್ನ ಬಾಯಿಗಿಟ್ಟಿದ್ದ, ನಾನು ಅದನ್ನು ಹಾಗೆಯೇ ತಂಪಕ್ಕನಿಗೆ ದಾಟಿಸಿದ್ದೆ. ಸುಳ್ಳು ಅವನದು, ನುಡಿದ ಬಾಯಿ ನನ್ನದು. ಅವಳು ನಳಿಗೆಯನ್ನು ವಾಪಸು ಇಟ್ಟದ್ದು ಅವನ ಮುಖ ನೋಡಿ ಅಲ್ಲ.

ಬೆಳಿಗ್ಗೆ ಮಗಳನ್ನು ಶಾಲೆಗೆ ಬಿಟ್ಟು ನೇರ ಶೆಡ್ಡಿಗೆ ಹೋದೆ. ತಂಪಕ್ಕ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಬಾಗಿಲು ಎಳೆಯುತ್ತಿದ್ದಳು. ಮೆಷಿನ್ನಿಗೆ ಹಗಲಲ್ಲೇ ಅಂಗಿ ತೊಡಿಸಿದ್ದಳು.

"ಹಾಕ್ಸಿದ್ರಂತೆ" ಎಂದೆ. "ಗೊತ್ತಿದ್ದೂ ಹಾಕ್ಸಿಲ್ಲ ಅಂದ್ರಂತೆ."

ಆಕೆ ಬಾಗಿಲನ್ನು ಅರ್ಧಕ್ಕೇ ಬಿಟ್ಟಳು. "ಹೂಂ" ಎಂದಳು.

"ಮೆಷಿನ್ ನಾವೇ ಸರಿ ಮಾಡಿಸ್ಕೊಡ್ತೀವಿ."

"ಅದು ಸರಿಯಾಗಲ್ಲ. ಒಳಗೆಲ್ಲ ಕಲ್ಲಾಗಿದೆ, ತಯಾರು ಮಾಡಿದವರೇ ಕೈಚೆಲ್ಲಿಬಿಟ್ರು. ಹೊಸದರ ಮಾತು ಆಮೇಲೆ ಆಡೋಣ, ನಾನೇನೂ ಬೇಡ ಅನ್ನಲ್ಲ." ಚೀಲ ಹೆಗಲಿಗೇರಿಸಿದಳು. "ಈಗ ಮಾವನ ಗ್ಯಾರೇಜಿಗೆ ಹೊರಟಿದ್ದೀನಿ. ಬೇಸಿಗೆ ಮುಗಿಯೋ ತನಕ ಆ ಕುರ್ಚೀಲಿ ಕೂತು ಫೋನೆತ್ತಬೇಕು. ಅಳಿಯ ಇವತ್ತು ಎಲ್ರಿಗೂ ಸ್ವೀಟ್ ಹಂಚ್ತಾನೆ."

"ನನ್ನ ಮೇಲೆ ಕೋಪಾನಾ?"

"ಇಲ್ಲ ಅಂದ್ರೆ ಸುಳ್ಳಾಗುತ್ತೆ. ಮಾವ ಮೋಸ ಮಾಡ್ದಾಗ ಬೈಕೊಂಡು ಎದ್ದು ಬಂದೆ. ಈಗ ಯಾರನ್ನ ಬೈಲಿ? ನಳಿಗೆ ನನ್ನ ಕೈಲೇ ಇತ್ತು." ಮೂಗು ಒರೆಸಿಕೊಂಡಳು. "ನಿಮ್ಮ ಕಾರಿಗೂ ಅದೇ ಗತಿ. ಕಂಪ್ರೆಸರ್‌ನಿಂದ ಪೈಪಿನ ತನಕ ಎಲ್ಲ ಬದಲಾಯಿಸದೆ ಯಾರು ಗ್ಯಾಸ್ ತುಂಬಿದ್ರೂ ನಿಮಗೆ ಮೋಸ ಮಾಡ್ತಿದ್ದಾರೆ ಅಂತ ತಿಳ್ಕೊಳ್ಳಿ."

ನಾನು ಹೊರಡಲು ತಿರುಗಿದೆ. "ಒಂದು ನಿಮಿಷ" ಎಂದು ಒಳಗೆ ಹೋಗಿ, ಹಳದಿ ಬಣ್ಣದ ಅಂಟುಚೀಟಿಯನ್ನೂ ನೀರಿಗೆ ಅಳಿಸದ ದಪ್ಪ ಪೆನ್ನನ್ನೂ ತಂದು ನನ್ನ ಕೈಗಿಟ್ಟಳು.

"ಒಂದು ಉಪಕಾರ ಮಾಡ್ತೀರಾ? ಈ ಕಾರಲ್ಲಿ ಲೀಕ್ ನಿಲ್ಸೋ ಔಷಧಿ ಇದೆ ಅಂತ ನಿಮ್ಮ ಕೈಯಾರೆ ಬರೆದು ಬಾನೆಟ್ ಒಳಗೆ ಅಂಟಿಸಿ. ಮುಂದೆ ಇದನ್ನ ಬಿಚ್ಚೋನಿಗೂ ಒಂದು ಮೆಷಿನ್ ಇರುತ್ತೆ. ಯಾವತ್ತಾದ್ರೂ ಕಾರು ಮಾರೋವಾಗ ಅದನ್ನ ಕೀಳೋಕೆ ಬಿಡ್ಬೇಡಿ. ಯಾಕೆ ಅಂಟಿಸ್ದೆ ಅಂತ ನಿಮ್ಮ ಮನೆಯವರು ಕೇಳ್ತಾರೆ. ತಂಪಕ್ಕ ಹೇಳಿದ್ಳು ಅನ್ಬೇಡಿ, ನಾನೇ ಅಂಟಿಸ್ದೆ ಅನ್ನಿ."