ಅಮ್ಮನ ಸೈರನ್

ನನ್ನ ಹೆಂಡತಿಗೆ ಸೆಕೆಂಡ್ ಶಿಫ್ಟ್ ಬಂತೆಂದರೆ ನನಗೆ ಜ್ವರ ಬಂದಂತಾಗುತ್ತಿತ್ತು. ಎಂಬತ್ತರ ದಶಕದ ಮೊದಲ ವರ್ಷಗಳು. ಪೀಣ್ಯದಲ್ಲಿ ಶೀಟಿನ ಮನೆಗಳ ಸಾಲೊಂದರಲ್ಲಿ ಬಾಡಿಗೆಗಿದ್ದೆವು. ನಾನು ಲೇತ್ ಕೆಲಸದವನು. ನಮ್ಮ ವರ್ಕ್‌ಶಾಪಿಗೆ ಆರ್ಡರ್ ಇಲ್ಲದೆ ಅರ್ಧ ದಿನದ ಕೆಲಸ, ಅರ್ಧ ಸಂಬಳ. ಅವಳಿಗೆ ಹೊಸದಾಗಿ ಒಂದು ಕಾರ್ಖಾನೆಯಲ್ಲಿ ಕೂದಲೆಳೆಯಂಥ ವೈರುಗಳನ್ನು ಬೆಸೆಯುವ ಕೆಲಸ ಸಿಕ್ಕಿತ್ತು. ಮನೆ ನಡೆಯುತ್ತಿದ್ದದ್ದು ಅವಳಿಂದ. ಆಗ ಈ ಮಾತು ಹೇಳಲು ನನ್ನ ನಾಲಗೆ ಏಳುತ್ತಿರಲಿಲ್ಲ.

ಮಗಳಿಗೆ ಆಗಷ್ಟೇ ಎರಡು ತುಂಬಿತ್ತು. ಹಗಲೆಲ್ಲ ನನ್ನ ಬೆನ್ನೇರಿ ಕುಣಿಯುವವಳು, ದೀಪ ಹಚ್ಚಿದ ಕೂಡಲೇ ಬೇರೆ ಮಗುವಾಗಿಬಿಡುತ್ತಿದ್ದಳು. ಅಮ್ಮನ ಕಿವಿಯ ಹಾಲೆ ಹಿಡಿದುಕೊಂಡೇ ಮಲಗಿ ಅಭ್ಯಾಸ. ನಾನು ನನ್ನ ಕಿವಿ ಕೊಟ್ಟೆ. ಮುಟ್ಟಿ ನೋಡಿದಳು, ಓಲೆ ಸಿಗಲಿಲ್ಲ, ಕಿರುಚಿಕೊಂಡಳು. ದೇವರೇ, ಅಷ್ಟು ಸಣ್ಣ ಗಂಟಲಲ್ಲಿ ಅಷ್ಟು ಶಬ್ದ ಎಲ್ಲಿಂದ ಬರುತ್ತಿತ್ತೋ!

"ಇನ್ನೊಂದೇ ಸಲ ನೋಡ್ತೀನಿ ಕಣ್ರೀ," ಎಂದು ಹೆಂಡತಿ ಆ ಸಲದ ಸೆಕೆಂಡ್ ಶಿಫ್ಟ್ ವಾರ ಶುರುವಾಗುವ ಮೊದಲೇ ಹೇಳಿದ್ದಳು. "ನಾನಿಲ್ದೆ ಇವ್ಳು ಮಲಗೋದು ಕಲೀಲಿಲ್ಲ ಅಂದ್ರೆ ಕೆಲ್ಸ ಬಿಟ್ಬಿಡ್ತೀನಿ. ಮಗೂನ ಅಳ್ಸಿ ನಂಗೇನೂ ಆಗ್ಬೇಕಿಲ್ಲ."

"ಬಿಡೋ ಮಾತು ಆಡ್ಬೇಡ. ಮಗು ಮಲಗ್ಸೋದೇನು ಬ್ರಹ್ಮವಿದ್ಯೆನಾ?" ಎಂದೆ. ಅವಳು ಬಿಟ್ಟರೆ ನಾವು ತಿನ್ನುವುದೇನು?

ಬ್ರಹ್ಮವಿದ್ಯೆಯೇ ಆಗಿತ್ತು. ಕಾಲು ನೀಡಿ ಕುಳಿತು, ಕಾಲ ಮೇಲೆ ಮಲಗಿಸಿಕೊಂಡು ತೂಗಿದೆ. ಕಾಲು ಜೋಮು ಹಿಡಿಯಿತೇ ಹೊರತು ಅವಳ ಕಣ್ಣು ಮುಚ್ಚಲಿಲ್ಲ. ಸೂರಿನ ಪೈಪಿಗೆ ಹೆಂಡತಿಯ ಹಳೇ ಸೀರೆಯ ಜೋಲಿ ಕಟ್ಟಿದೆ. ಸೀರೆಯಲ್ಲಿ ಅಮ್ಮನ ವಾಸನೆ ಹಿಡಿದು ಇನ್ನೂ ಜೋರಾಗಿ ಅತ್ತಳು. ಹಾಡೋಣವೆಂದರೆ ನನ್ನ ಗಂಟಲಿಗೆ ಬರುತ್ತಿದ್ದದ್ದು ಫ್ಯಾಕ್ಟರಿ ಗೇಟಿನ ಮುಂದೆ ಯೂನಿಯನ್‌ನವರು ಕೂಗುವ ಘೋಷಣೆಗಳು ಮಾತ್ರ. ಅದನ್ನೇ ಮೆಲ್ಲಗೆ ಹೇಳಿದೆ. ಕೇಳಿಸಿಕೊಂಡು ಒಂದು ಗಳಿಗೆ ಸುಮ್ಮನಾದಳು, ಆಮೇಲೆ ಅವಳದೂ ಘೋಷಣೆ ಶುರುವಾಯಿತು.

ಇಷ್ಟರ ಮೇಲೆ ಸೈರನ್. ಮಧ್ಯಾಹ್ನ ಹೊರಡುವಾಗ ಮಗು ಕಾಲಿಗೆ ಸುತ್ತಿಕೊಂಡರೆ ಹೆಂಡತಿ, "ಸೈರನ್ ಕೂಗಿದ ತಕ್ಷಣ ಅಮ್ಮ ಬಂದ್ಬಿಡ್ತೀನಿ ಪುಟ್ಟಾ" ಎಂದು ಸಮಾಧಾನ ಹೇಳಿ ಹೋಗುತ್ತಿದ್ದಳು. ಪೀಣ್ಯದಲ್ಲಿ ಇಂಥ ಮಾತು ಹೇಳಬಹುದೇ? ಸುತ್ತ ಎಷ್ಟು ಕಾರ್ಖಾನೆ! ಊಟಕ್ಕೆ ಬಿಟ್ಟರೆ ಒಂದು ಸೈರನ್, ಊಟ ಮುಗಿದರೆ ಮತ್ತೊಂದು, ಒಬ್ಬರದು ನಿಲ್ಲುವಷ್ಟರಲ್ಲಿ ಪಕ್ಕದವರದು. ಹೇಗೋ ತಟ್ಟಿ ತಟ್ಟಿ ರೆಪ್ಪೆ ಇಳಿಯುವ ಹೊತ್ತಿಗೆ ಎಲ್ಲೋ ಒಂದು ಊಳಿಡುತ್ತಿತ್ತು. "ಅಮ್ಮ ಬಂತು!" ಎಂದು ಎದ್ದು ಬಾಗಿಲಿಗೆ ಓಡುತ್ತಿದ್ದಳು. ಬಾಗಿಲಾಚೆ ಯಾರೂ ಇರುತ್ತಿರಲಿಲ್ಲ. ಆ ಮುಖ ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಆ ವಾರ ಒಂದು ರಾತ್ರಿ ಮೂರನೆಯ ಸಲ ಓಡಿದಾಗ ಗದರಿಬಿಟ್ಟೆ. "ಬರಲ್ಲ! ನಿಮ್ಮಮ್ಮ ಬರಲ್ಲ, ಮಲಕ್ಕೋ!" ಕೈಲಾಗದವನು ಮೈ ಪರಚಿಕೊಂಡ ಅನ್ನುತ್ತಾರಲ್ಲ, ನಾನು ಅದೇ. ಮಗು ಅಳಲೂ ಮರೆತು ಬಿಕ್ಕಳಿಸುತ್ತಾ ನನ್ನನ್ನೇ ನೋಡಿತು.

ಗಲಾಟೆ ಕೇಳಿ ಮನೆ ಓನರ್ ಹೆಂಗಸು ಬಂದರು. ನಮ್ಮ ಸಾಲುಮನೆಗಳಿದ್ದ ಜಾಗದಲ್ಲಿ ಮೊದಲು ರಾಗಿ ಬೆಳೆಯುತ್ತಿದ್ದವರು. "ಯಾಕಪ್ಪಾ ಮಗೀನ ಇಂಗೆ ಅಳುಸ್ತೀಯಾ? ದೃಷ್ಟಿ ಆಗೈತೆ, ತಡಿ" ಎಂದು ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ನಮ್ಮ ಸ್ಟವ್ ಮೇಲೇ ಸುಟ್ಟರು. ಘಾಟು ಬರದಿದ್ದರೆ ದೃಷ್ಟಿ ಎಂದು ಲೆಕ್ಕ. ಬಂತು ನೋಡಿ ಘಾಟು! ಮೂವರೂ ಕೆಮ್ಮುತ್ತಾ ಅಂಗಳಕ್ಕೆ ಬಿದ್ದೆವು. ಆಕೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ದೃಷ್ಟಿ ಅಲ್ಲ ಬುಡು. ಅದ್ಕೆ ಅವ್ವ ಬೇಕು, ಅಷ್ಟೇಯ" ಎಂದು ಹೊರಟೇಹೋದರು.

ಮಗುವನ್ನು ಹೆಗಲಿಗೆ ಹಾಕಿಕೊಂಡು ಹೊಸಿಲ ಮೇಲೆ ಕುಳಿತೆ. ಇನ್ನು ಯಾವ ಉಪಾಯವೂ ಉಳಿದಿರಲಿಲ್ಲ. ನನಗೂ ಅಳು ಬಂದಿತ್ತು, ಮೆಣಸಿನಕಾಯಿಯ ಮೇಲೆ ಹಾಕಿದೆ. ಅಷ್ಟರಲ್ಲಿ ಮತ್ತೊಂದು ಸೈರನ್. ಅವಳು ತಲೆ ಎತ್ತಿದಳು. ಸುಳ್ಳು ಹೇಳುವ ಶಕ್ತಿಯೂ ಇಲ್ಲದೆ, "ಇದು ಅಮ್ಮಂದಲ್ಲ ಕಂದಾ. ಇದು ಬೇರೆಯೋರ್ದು" ಎಂದೆ. ಸ್ವಲ್ಪ ಹೊತ್ತಿಗೆ ಇನ್ನೊಂದು. "ಇದೂ ಅಮ್ಮಂದಲ್ಲ." ಅವಳು ಆಲೋಚಿಸಿದಳು. ನಂತರದ್ದು ಕೂಗಿದಾಗ ನಾನು ಬಾಯಿ ತೆರೆಯುವ ಮೊದಲೇ, "ಅಮ್ಮಂದಲ್ಲ" ಎಂದಳು, ತುಂಬ ಗಂಭೀರವಾಗಿ, ಮೇಸ್ತ್ರಿಯ ಹಾಗೆ. ಓಡಲಿಲ್ಲ. ಕೆನ್ನೆಯನ್ನು ನನ್ನ ಕುತ್ತಿಗೆಗೆ ಒತ್ತಿದಳು. ಉಸಿರು ನಿಧಾನವಾಯಿತು. ನಂಬಲಾಗದೆ ನಾನು ಎಷ್ಟೋ ಹೊತ್ತು ಅಲುಗಾಡದೆ ಕುಳಿತಿದ್ದೆ.

ಮಾರನೆಯ ದಿನವೂ ಹಾಗೆಯೇ ಆಯಿತು. ಅದರ ಮರುದಿನ ಹೊಸಿಲೂ ಬೇಕಾಗಲಿಲ್ಲ, ಚಾಪೆಯ ಮೇಲೆಯೇ ಮಲಗಿದಳು. ಮೊದಲೆರಡು ದಿನ ಹೆಂಡತಿಗೆ ನಾನು ಏನೂ ಹೇಳಿರಲಿಲ್ಲ, ಹೇಳಿಬಿಟ್ಟರೆ ಕೆಟ್ಟುಹೋದೀತೆಂದು. ಮಗು ಅತ್ತು ಸುಸ್ತಾಗಿ ಮಲಗಿರಬೇಕೆಂದು ಅವಳೂ ಅಂದುಕೊಂಡಿದ್ದಳು. ಮೂರನೆಯ ದಿನ ತಡೆಯಲಾಗಲಿಲ್ಲ. ಅವಳು ಫ್ಯಾಕ್ಟರಿ ಬಸ್ಸಿಳಿದು ಬಂದು ಚಪ್ಪಲಿ ಬಿಡುತ್ತಿದ್ದ ಹಾಗೆಯೇ ಶುರುಮಾಡಿದೆ.

"ಗೆದ್ಬಿಟ್ಟೆ ಕಣೇ! ಒಂದ್ ಸಲಾನೂ ಅಳ್ಲಿಲ್ಲ. ತಾನಾಗೇ ಮಲಕ್ಕೊಂಡ್ಲು."

"ಒಂದ್ ಸಲಾನೂ?"

"ಒಂದ್ ಸಲಾನೂ!"

"ನನ್ನ ಕೇಳ್ಲಿಲ್ವಾ?"

"ಇಲ್ಲ ಅಂತೀನಿ!"

ನಾನು ಹಿಗ್ಗಿನಲ್ಲಿ ತಟ್ಟೆ ಇಟ್ಟು ಸಾರು ಬಿಸಿಮಾಡಲು ಹೋದೆ. ತಿರುಗಿ ನೋಡಿದರೆ ಅವಳು ಚಾಪೆಯ ಪಕ್ಕ ಕುಳಿತು, ನಿದ್ದೆಯಲ್ಲಿದ್ದ ಮಗುವಿನ ಕೈಯನ್ನು ತನ್ನ ಕಿವಿಯ ಹತ್ತಿರ ಎಳೆದುಕೊಳ್ಳುತ್ತಿದ್ದಳು. ಮಗು ನಿದ್ದೆಗಣ್ಣಲ್ಲೇ ಕೊಸರಿಕೊಂಡು ಮಗ್ಗುಲು ಬದಲಿಸಿತು. ಹೆಂಡತಿ ಬರಿಗೈಯನ್ನು ಮಡಿಲಲ್ಲಿಟ್ಟುಕೊಂಡಳು.

"ಊಟಕ್ಕೆ ಬಾ," ಎಂದೆ.

"ದಿನಾ ಬಸ್ಸಲ್ಲಿ ಬರ್ತಾ ಅಂದ್ಕೊತಿದ್ದೆ ಕಣ್ರೀ," ಎಂದಳು, ನನ್ನ ಕಡೆ ತಿರುಗದೆ. "ಇವತ್ತೂ ಅತ್ತಿರ್ತಾಳೆ, ನಾಳೆ ಹೋಗಿ ಕೆಲ್ಸ ಬಿಡ್ತೀನಿ ಅಂತ ಹೇಳ್ಬಿಡೋಣ ಅಂತ. ಇನ್ಮೇಲೆ ಏನು ನೆವ ಹೇಳ್ಲಿ?"

ಸಾರು ಕುದಿದು ಸ್ಟವ್ ಮೇಲೆ ಉಕ್ಕಿತು. ನಾನು ಬಟ್ಟೆ ತೆಗೆದುಕೊಂಡು ಒರೆಸುತ್ತಾ ನಿಂತೆ.